ನಿಮಗಿದು ಗೊತ್ತೇ? ಒಂದು ದಿನ ತಪ್ಪಿದರೆ ವ್ಯಾಯಾಮ ಕೆಡುವುದಿಲ್ಲ!

“21 ದಿನ ಬಿಡದೆ ಮಾಡಿ, ಅಭ್ಯಾಸ ತಾನಾಗಿ ಮೈಗೂಡುತ್ತದೆ” ಎಂದು ಯಾರಾದರೂ ನಿಮಗೆ ಹೇಳಿಯೇ ಇರುತ್ತಾರೆ. ಈ 21 ಎಲ್ಲಿಂದ ಬಂತು ಗೊತ್ತೇ? ಒಬ್ಬ ಪ್ಲಾಸ್ಟಿಕ್ ಸರ್ಜನ್‌ರಿಂದ! ಅಮೆರಿಕದ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಒಂದು ಪುಸ್ತಕ ಬರೆದರು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಕನ್ನಡಿಯಲ್ಲಿ ಕಾಣುವ ತಮ್ಮದೇ ಹೊಸ ಮುಖ ಒಗ್ಗಲು ಕಡಿಮೆಯೆಂದರೂ 21 ದಿನ ಬೇಕು ಎಂದರು. ಮಾತು ಬಾಯಿಂದ ಬಾಯಿಗೆ ಹೋಗುತ್ತಾ “ಕಡಿಮೆಯೆಂದರೂ” ಉದುರಿಹೋಯಿತು. 21 ಮಾತ್ರ ಉಳಿಯಿತು!

ಹಾಗಾದರೆ ನಿಜಕ್ಕೂ ಎಷ್ಟು ದಿನ ಬೇಕು? ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದರು. ಒಬ್ಬೊಬ್ಬರೂ ದಿನಾ ಮಾಡಲು ಒಂದು ಹೊಸ ಕೆಲಸ ಆರಿಸಿಕೊಂಡಿದ್ದರು. ಸರಾಸರಿ ಲೆಕ್ಕ 66 ದಿನ ಬಂತು. ಕೆಲವರಿಗೆ ಬರೀ 18 ದಿನ. ಇನ್ನು ಕೆಲವರಿಗೆ 254 ದಿನ ಬೇಕಾದೀತು ಎಂದು ಲೆಕ್ಕ ಹೇಳಿತು! ಅಂದರೆ ಪಕ್ಕದ ಮನೆಯವರಿಗೆ ಒಂದೇ ತಿಂಗಳಲ್ಲಿ ಒಗ್ಗಿದ್ದು ನಿಮಗೆ ಒಗ್ಗದಿದ್ದರೆ, ತಪ್ಪು ನಿಮ್ಮದಲ್ಲ.

ಆ ಅಧ್ಯಯನದಲ್ಲಿ ನನಗೆ ಬಹಳ ಹಿಡಿಸಿದ್ದು ಬೇರೆ. ನಡುವೆ ಒಂದು ದಿನ ತಪ್ಪಿಸಿದವರಿಗೆ ಏನಾಯಿತು? ಏನೂ ಆಗಲಿಲ್ಲ! ಅವರ ಅಭ್ಯಾಸವೂ ಹೆಚ್ಚುಕಡಿಮೆ ಹಾಗೆಯೇ ಬೇರೂರಿತು. ನೆಂಟರು ಬಂದರು, ಮಗುವಿಗೆ ಜ್ವರ ಬಂತು, ಆಫೀಸಿನಲ್ಲಿ ತಡವಾಯಿತು ಎಂದು ವಾಕಿಂಗ್ ಬಿಟ್ಟುಹೋಗಿ ಕೊರಗುವವರು ಇದನ್ನು ಎರಡು ಸಲ ಓದಿಕೊಳ್ಳಲಿ.

ಇನ್ನೂ ಕೇಳಿ. ಅಮೆರಿಕದಲ್ಲಿ 61,000ಕ್ಕೂ ಹೆಚ್ಚು ಜಿಮ್ ಸದಸ್ಯರ ಮೇಲೆ 54 ಬಗೆಯ ಉಪಾಯಗಳನ್ನು ಒಟ್ಟಿಗೆ ಪರೀಕ್ಷಿಸಿದರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಯಾವ ಉಪಾಯ ಗೆದ್ದಿತು ಊಹಿಸಿ! ಒಂದು ಸಲ ತಪ್ಪಿಸಿ ಮತ್ತೆ ಬಂದವರಿಗೆ ಚಿಕ್ಕದೊಂದು ಬಹುಮಾನ. ಎಷ್ಟು ಚಿಕ್ಕದು? 9 ಸೆಂಟ್. ನಮ್ಮ ಲೆಕ್ಕದಲ್ಲಿ ಆಗ ಆರೇಳು ರೂಪಾಯಿ. ಅಷ್ಟಕ್ಕೇ ಜನ ಜಿಮ್‌ಗೆ ಬರುವುದು ಶೇಕಡಾ 27ರಷ್ಟು ಹೆಚ್ಚಿತು!

ರಜೆಯೇ ನಿಯಮವಾಗಿರುವ ಜಾಗವೂ ಒಂದಿದೆ. ಅದೂ ನಮ್ಮ ಮೈಸೂರಿನಲ್ಲಿ! ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ಜಗತ್ತಿನ ಮೂಲೆಮೂಲೆಯಿಂದ ಜನ ಗೋಕುಲಂಗೆ ಬರುತ್ತಾರೆ. ಬೆಳಗಾಗುವ ಮುಂಚೆಯೇ ಚಾಪೆ ಬಿಚ್ಚಿ, ಬೆವರು ಸುರಿಯುವವರೆಗೆ ಅಭ್ಯಾಸ ಮಾಡುತ್ತಾರೆ. ಆದರೆ ಅಮಾವಾಸ್ಯೆ, ಹುಣ್ಣಿಮೆ ಬಂದರೆ ಚಾಪೆ ಬಿಚ್ಚುವಂತಿಲ್ಲ. ಈ ಪದ್ಧತಿ ಸಮುದ್ರ ದಾಟಿಯೂ ಹೋಗಿದೆ. ಪಂಚಾಂಗವನ್ನೇ ಕಂಡಿರದ ಅಮೆರಿಕ, ಯೂರೋಪಿನ ಎಷ್ಟೋ ಯೋಗಶಾಲೆಗಳು ಇವತ್ತಿಗೂ ಅಮಾವಾಸ್ಯೆ, ಹುಣ್ಣಿಮೆ ನೋಡಿ ಬಾಗಿಲು ಹಾಕುತ್ತವೆ!

ದಿನಕ್ಕೆ 10,000 ಹೆಜ್ಜೆ ನಡೆಯಬೇಕು ಎನ್ನುತ್ತಾರಲ್ಲ, ಅದನ್ನು ವೈದ್ಯರು ಹೇಳಿದ್ದು ಎಂದುಕೊಂಡಿದ್ದೀರಾ? ಅಲ್ಲ, ಅದು ಜಾಹೀರಾತು! 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಪುಟ್ಟ ಯಂತ್ರ ಮಾರಾಟಕ್ಕೆ ತಂದಿತು. ಹತ್ತು ಸಾವಿರ ಎಂಬುದು ಆ ಯಂತ್ರದ ಹೆಸರಿನಲ್ಲೇ ಇತ್ತು. ಅಮೆರಿಕದಲ್ಲಿ 16,000ಕ್ಕೂ ಹೆಚ್ಚು ಹಿರಿಯ ಮಹಿಳೆಯರ ಹೆಜ್ಜೆ ಎಣಿಸಿದಾಗ ಕಂಡದ್ದೇ ಬೇರೆ. ದಿನಕ್ಕೆ 4,400 ಹೆಜ್ಜೆ ನಡೆದವರಲ್ಲಿ, 2,700 ಹೆಜ್ಜೆಯವರಿಗಿಂತ ಸಾವು ಕಡಿಮೆ. 7,500ರ ಆಚೆಗೆ ನಡೆದರೆ ಹೆಚ್ಚಿನ ಲಾಭ ಕಾಣಲಿಲ್ಲ!

ಈಗ ಬಸ್ ಹತ್ತೋಣ ಬನ್ನಿ. ಹಳೆಯ ಕಾಲದ ಲಂಡನ್ನಿನ ಕೆಂಪು ಡಬಲ್ ಡೆಕ್ಕರ್. ಡ್ರೈವರ್ ಇಡೀ ದಿನ ಕುಳಿತೇ ಇರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡುತ್ತಾ ಮಹಡಿ ಹತ್ತುತ್ತಾನೆ, ಇಳಿಯುತ್ತಾನೆ, ಮತ್ತೆ ಹತ್ತುತ್ತಾನೆ. ಅದೇ ಬಸ್ಸು, ಅದೇ ರಸ್ತೆ, ಅದೇ ಹೊಗೆ. ಜೆರ್ರಿ ಮೋರಿಸ್ ಎಂಬ ವೈದ್ಯರು ಇವರಿಬ್ಬರ ಹೃದಯ ಹೋಲಿಸಿ ನೋಡಿದರು. 1953ರಲ್ಲಿ ವರದಿ ಬಂತು. ಹೃದಯಾಘಾತ ಡ್ರೈವರ್‌ಗಳಿಗಿಂತ ಕಂಡಕ್ಟರ್‌ಗಳಲ್ಲಿ ಕಡಿಮೆ! ಗಮನಿಸಿ, ಇವರು ಯಾರೂ ವ್ಯಾಯಾಮಕ್ಕೆಂದು ಸಮಯ ಎತ್ತಿಟ್ಟವರಲ್ಲ. ಡ್ಯೂಟಿ ಮಾಡಿದರು, ಅಷ್ಟೇ.

ಮೋರಿಸ್ ಅಲ್ಲಿಗೇ ಬಿಡಲಿಲ್ಲ. ಸಾರಿಗೆ ಸಂಸ್ಥೆ ಹೊಲಿಸಿಕೊಡುತ್ತಿದ್ದ ಸಮವಸ್ತ್ರದ ಲೆಕ್ಕ ತೆಗೆಸಿ, ಪ್ಯಾಂಟುಗಳ ಸೊಂಟದ ಅಳತೆ ಹೋಲಿಸಿದರು! ಎಲ್ಲ ವಯಸ್ಸಿನಲ್ಲೂ ಡ್ರೈವರ್‌ಗಳ ಸೊಂಟವೇ ದಪ್ಪ. ಮೋರಿಸ್ ಎಷ್ಟು ವರ್ಷ ಬದುಕಿದರು ಗೊತ್ತೇ? 99!

ಒಂದೆರಡು ನಿಮಿಷದ ಓಡಾಟ ಲೆಕ್ಕಕ್ಕೇ ಬರುವುದಿಲ್ಲ ಎನ್ನುವವರು ಇದನ್ನು ಕೇಳಿ. ಹಿಂದೆಲ್ಲ ಸತತ 10 ನಿಮಿಷವಾದರೂ ಮಾಡಿದರೆ ಮಾತ್ರ ಅದು ವ್ಯಾಯಾಮ ಎನ್ನುತ್ತಿದ್ದರು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ನಿಯಮವನ್ನೇ ಕೈಬಿಟ್ಟಿತು! 2022ರಲ್ಲಿ ಬ್ರಿಟನ್ನಿನ 25,000 ಜನರ ಅಧ್ಯಯನವೊಂದು ಬಂತು. ಇವರೆಲ್ಲ ವ್ಯಾಯಾಮವನ್ನೇ ಮಾಡದವರು. ಇವರಲ್ಲಿ ದಿನಕ್ಕೆ ಮೂರು ಸಲ, ಒಂದೆರಡು ನಿಮಿಷ ಏದುಸಿರು ಬರುವಷ್ಟು ಮೈ ದಣಿಸಿದವರ ಸಾವಿನ ಅಪಾಯ ಶೇಕಡಾ 40ರ ಹತ್ತಿರ ಕಡಿಮೆಯಿತ್ತು. ಬಸ್ಸಿಗೆ ಓಡುವುದು, ಬಿರಬಿರನೆ ಮೆಟ್ಟಿಲು ಹತ್ತುವುದು, ಇಂಥವೇ!

ಸೋಮವಾರದಿಂದ ಶುರು ಮಾಡೋಣ ಅಂತೀರಾ? ನೀವೊಬ್ಬರೇ ಅಲ್ಲ! ವಾರದ ಮೊದಲು, ತಿಂಗಳ ಮೊದಲು, ವರ್ಷದ ಮೊದಲು ಜಿಮ್‌ಗೆ ಬರುವವರು ಹೆಚ್ಚು. ಹುಟ್ಟುಹಬ್ಬ ಆದ ಮೇಲೂ ಹೆಚ್ಚು. ಅಮೆರಿಕದಲ್ಲಿ 21ನೇ ಹುಟ್ಟುಹಬ್ಬವೊಂದನ್ನು ಬಿಟ್ಟು! ಅಲ್ಲಿ ಮದ್ಯ ಕುಡಿಯಲು ಕಾನೂನು ಒಪ್ಪುವ ವಯಸ್ಸು ಅದೇ.

ಇದಂತೂ ಬರೀ ಒಂದು ಚೀಟಿಯ ಮಹಿಮೆ. ಬ್ರಿಟನ್ನಿನ ವಿದ್ಯಾರ್ಥಿಗಳಿಗೆ ವ್ಯಾಯಾಮದ ಲಾಭಗಳನ್ನು ಓದಲು ಕೊಟ್ಟರು. ಮುಂದಿನ ವಾರ 100ಕ್ಕೆ 35 ಮಂದಿ ಮಾತ್ರ ವ್ಯಾಯಾಮ ಮಾಡಿದರು. ಇನ್ನೊಂದು ಗುಂಪಿಗೆ ಓದಲು ಕೊಟ್ಟದ್ದಲ್ಲದೆ, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಮಾಡುತ್ತೀರಿ ಎಂದು ಬರೆಸಿಕೊಂಡರು. ಈ ಗುಂಪಿನಲ್ಲಿ 91 ಮಂದಿ ಮಾಡಿದರು! ಪೆನ್ನು ಎಲ್ಲಿದೆ ಹುಡುಕಿ.

ಬಸ್ಕಿ ಹೊಡೆದರೆ ಟಿಕೆಟ್ ಸಿಗುತ್ತಿತ್ತು ಎಂದರೆ ನಂಬುತ್ತೀರಾ? 2013ರಲ್ಲಿ ಮಾಸ್ಕೋದ ಒಂದು ಮೆಟ್ರೊ ನಿಲ್ದಾಣದಲ್ಲಿ 30 ಬಸ್ಕಿ ಹೊಡೆದವರಿಗೆ ಯಂತ್ರ ಉಚಿತ ಟಿಕೆಟ್ ಕೊಡುತ್ತಿತ್ತು. 2020ರಲ್ಲಿ ದೆಹಲಿಯ ಆನಂದ ವಿಹಾರ ರೈಲು ನಿಲ್ದಾಣಕ್ಕೂ ಅಂಥದ್ದೇ ಯಂತ್ರ ಬಂತು. ಮೂರು ನಿಮಿಷದಲ್ಲಿ 30 ಬಸ್ಕಿ, ಪ್ಲಾಟ್‌ಫಾರಂ ಟಿಕೆಟ್ ಪುಕ್ಕಟೆ!

“ನನಗೆ ವಯಸ್ಸಾಯಿತು, ಇನ್ನೇನು” ಎನ್ನುವವರು ಡಲ್ಲಾಸ್‌ನ ಐವರ ಕಥೆ ಕೇಳಲೇಬೇಕು. 1966ರಲ್ಲಿ 20 ವರ್ಷದ ಐದು ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಅವರ ದಮ್ಮು ಕುಸಿದುಹೋಯಿತು. ಮೂವತ್ತು ವರ್ಷದ ಮೇಲೆ ಅದೇ ಐವರನ್ನು ಹುಡುಕಿ ಕರೆತಂದು ಪರೀಕ್ಷಿಸಿದರು. ಈ 30 ವರ್ಷದಲ್ಲಿ ಕಳೆದುಕೊಂಡದ್ದಕ್ಕಿಂತ ಆ ಮೂರು ವಾರದಲ್ಲಿ ಕಳೆದುಕೊಂಡದ್ದೇ ಹೆಚ್ಚು! ಆಮೇಲೆ ಆರು ತಿಂಗಳು ನಡಿಗೆ, ನಿಧಾನ ಓಟ, ಸೈಕಲ್ ಮಾಡಿಸಿದರು. 50 ದಾಟಿದ ಆ ಗಂಡಸರ ದಮ್ಮು 20ರ ಹರೆಯದಲ್ಲಿ ಎಷ್ಟಿತ್ತೋ ಅಲ್ಲಿಗೇ ಬಂದು ನಿಂತಿತು!

ಕೊನೆಗೆ, ಬಿಡುವಿಲ್ಲದವರಲ್ಲೇ ಬಿಡುವಿಲ್ಲದವರು ಯಾರು? ಅಂತರಿಕ್ಷ ನಿಲ್ದಾಣದ ಯಾತ್ರಿಗಳು. ಮೂಳೆ, ಸ್ನಾಯು ಸವೆಯದಿರಲು ಅವರು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡಲೇಬೇಕು. ಸುನೀತಾ ವಿಲಿಯಮ್ಸ್ 2007ರ ಏಪ್ರಿಲ್ 16ರಂದು ಅಲ್ಲೇ ಬಾಸ್ಟನ್ ಮ್ಯಾರಥಾನ್ ಓಡಿದರು! ತೇಲಿಹೋಗದಂತೆ ಪಟ್ಟಿಗಳಿಂದ ಟ್ರೆಡ್‌ಮಿಲ್‌ಗೆ ಕಟ್ಟಿಕೊಂಡು, ಸುಮಾರು 4 ಗಂಟೆ 24 ನಿಮಿಷ. ನಿಲ್ದಾಣ ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುತ್ತದೆ. ಅಂದರೆ ಅವರು ಓಟ ಮುಗಿಸುವಷ್ಟರಲ್ಲಿ ಭೂಮಿಗೆ ಎರಡು ಸುತ್ತಿಗೂ ಹೆಚ್ಚು ಪ್ರದಕ್ಷಿಣೆ ಹಾಕಿಯಾಗಿತ್ತು!