ಮೂಲೆ ಮೇಜಿನ ಸಂಗೀತ: ಐರ್ಲೆಂಡಿನ ಪಬ್ ಸೆಷನ್

ಡಬ್ಲಿನ್ ನಗರದಲ್ಲಿ, ಲಿಫಿ ನದಿಯ ಉತ್ತರ ದಂಡೆಯ ಕಡೆ, ಸ್ಮಿತ್‌ಫೀಲ್ಡ್ ಎಂಬ ಹಳೆಯ ಪೇಟೆಯಿದೆ. ಹಿಂದೆ ದನದ ಸಂತೆಗೂ ಕುದುರೆ ಸಂತೆಗೂ ಹೆಸರಾಗಿದ್ದ ಜಾಗ. ಅಲ್ಲಿನ ಕಾಬಲ್‌ಸ್ಟೋನ್ ಎಂಬ ಪಬ್ಬಿಗೆ ಸಂಜೆ ಹೋದರೆ ಮೂಲೆಯ ಮೇಜಿನ ಸುತ್ತ ಒಬ್ಬೊಬ್ಬರಾಗಿ ಜನ ಸೇರುವುದು ಕಾಣುತ್ತದೆ. ಒಬ್ಬರ ಕೈಯಲ್ಲಿ ಫಿಡಲ್ ಪೆಟ್ಟಿಗೆ, ಇನ್ನೊಬ್ಬರ ಜೇಬಿನಲ್ಲಿ ತಗಡಿನ ಪುಟ್ಟ ಕೊಳಲು. ಯಾರೋ ಒಬ್ಬರು ಒಂದು ಧಾಟಿ ಎತ್ತಿಕೊಳ್ಳುತ್ತಾರೆ. ಅದರ ಎರಡನೇ ಸುತ್ತಿಗೆ ಪಕ್ಕದವರ ಕೊಳಲು, ಮೂರನೇ ಸುತ್ತಿಗೆ ಇಡೀ ಮೇಜು. ಅತ್ತ ಕಡೆ ಬಾರಿನಲ್ಲಿ ಹರಟೆ, ನಗು, ಲೋಟಗಳ ಸದ್ದು ಎಂದಿನಂತೆ ನಡೆದಿರುತ್ತದೆ.

ಇದಕ್ಕೆ ಐರ್ಲೆಂಡಿನಲ್ಲಿ ಸೆಷನ್ ಎನ್ನುತ್ತಾರೆ. ನುಡಿಸುವವರಲ್ಲಿ ಹೆಚ್ಚಿನವರು ಸಂಗೀತವನ್ನೇ ಹೊಟ್ಟೆಪಾಡು ಮಾಡಿಕೊಂಡವರಲ್ಲ. ಹಗಲು ಶಾಲೆಯಲ್ಲಿ ಪಾಠ ಹೇಳಿ, ಕಚೇರಿಯಲ್ಲಿ ಕಡತ ನೋಡಿ, ಮರಗೆಲಸ ಮಾಡಿ ಬಂದವರು. ಪಬ್ಬಿನ ಮಾಲೀಕರು ಇಬ್ಬರಿಗೋ ಮೂವರಿಗೋ ಸಂಭಾವನೆ ಕೊಟ್ಟು ವಾರದ ಇಂಥ ದಿನ, ಇಂಥ ಹೊತ್ತಿಗೆ ಬರುವಂತೆ ಗೊತ್ತು ಮಾಡಿರುತ್ತಾರೆ. ಉಳಿದವರು ತಾವಾಗಿ ಬಂದು ಕೂಡಿಕೊಳ್ಳುತ್ತಾರೆ. ಜಗತ್ತಿನ ದೊಡ್ಡ ಸಭಾಂಗಣಗಳಿಗೆಲ್ಲ ಹೋಗಿಬಂದ ಐರಿಷ್ ಜನಪದ ಸಂಗೀತದ ನಿಜವಾದ ಬೇರು ಇರುವುದು ಈ ಮೂಲೆ ಮೇಜಿನಲ್ಲಿ.

ಮೇಜಿನ ಸುತ್ತ ನಡೆಯುವುದೇನು?

ಮೊದಲು ಗಮನಕ್ಕೆ ಬರುವುದು ಅವರು ಕೂರುವ ರೀತಿ. ನುಡಿಸುವವರು ಒಬ್ಬರಿಗೊಬ್ಬರು ಎದುರಾಗಿ ವೃತ್ತದಲ್ಲಿ ಕೂರುತ್ತಾರೆ, ಕೇಳುಗರಿಗೆ ಹಲವರ ಬೆನ್ನೇ ಕಾಣುತ್ತದೆ. ಅದು ಅನಾದರವಲ್ಲ. ಮುಂದಿನ ಧಾಟಿ ಯಾವುದು, ಯಾವಾಗ ಬದಲಿಸಬೇಕು ಎಂಬುದೆಲ್ಲ ಕಣ್ಸನ್ನೆಯಲ್ಲಿ, ಹುಬ್ಬು ಹಾರಿಸುವುದರಲ್ಲಿ, ಒಂದು ಸಣ್ಣ ಕೂಗಿನಲ್ಲಿ ತೀರ್ಮಾನವಾಗುತ್ತದೆ. ಅದಕ್ಕೆ ಮುಖ ನೋಡಿಕೊಂಡು ಕೂರಲೇಬೇಕು.

ಧಾಟಿಗಳ ಕಟ್ಟಡ ಸರಳ. ಸಾಮಾನ್ಯವಾಗಿ ಎರಡು ಭಾಗ, ಪ್ರತಿ ಭಾಗಕ್ಕೆ 8 ಬಾರ್, ಅಂದರೆ ತಾಳದ 8 ಆವರ್ತ. ಪ್ರತಿ ಭಾಗವನ್ನು ಎರಡೆರಡು ಸಲ ನುಡಿಸಿದರೆ 32 ಬಾರ್‌ಗಳ ಒಂದು ಸುತ್ತು. ಹೀಗೆ ಎರಡು ಮೂರು ಸುತ್ತು ಮುಗಿಸಿ, ಉಸಿರು ಬಿಡದೆ ಇನ್ನೊಂದು ಧಾಟಿಗೆ ಜಿಗಿಯುತ್ತಾರೆ. ಇಂಥ ಎರಡು ಮೂರು ಧಾಟಿಗಳ ಸರಕ್ಕೆ ಸೆಟ್ ಎಂದು ಹೆಸರು. ನಾಲ್ಕರ ಲೆಕ್ಕದಲ್ಲಿ ಓಡುವುದು ರೀಲ್. ತಿಶ್ರ ನಡೆಯಲ್ಲಿ ಎರಡು ಪೆಟ್ಟಿಗೆ ಆರು ಮಾತ್ರೆ ತುಳಿಯುವುದು ಜಿಗ್. ಅದೇ ನಡೆಯ ಮೂರು ಪೆಟ್ಟು ಸೇರಿ ಒಂಬತ್ತಾದರೆ ಸ್ಲಿಪ್ ಜಿಗ್. ಹಾರ್ನ್‌ಪೈಪ್ ತುಸು ಬಳುಕಿ ನಡೆಯುತ್ತದೆ. ಕೆರಿ, ಕಾರ್ಕ್ ಸೀಮೆಯವರಿಗೆ ಪೋಲ್ಕಾ, ಸ್ಲೈಡ್‌ಗಳ ಮೇಲೆ ಪ್ರೀತಿ. ಇವೆಲ್ಲ ಮೂಲದಲ್ಲಿ ಕುಣಿತಕ್ಕೆ ಹುಟ್ಟಿದ ಧಾಟಿಗಳು. ಕುಳಿತು ಕೇಳುವವರ ಕಾಲೂ ನೆಲ ತಟ್ಟತೊಡಗುವುದು ಅದಕ್ಕೇ.

ಎಲ್ಲರೂ ನುಡಿಸುವುದು ಒಂದೇ ಧಾಟಿ. ಆದರೆ ಯಾರೂ ಅಚ್ಚು ಹಾಕಿದಂತೆ ಒಂದೇ ರೀತಿ ನುಡಿಸುವುದಿಲ್ಲ. ಒಂದು ಸ್ವರವನ್ನು ಅದರ ಮೇಲಿನ ಕೆಳಗಿನ ಸ್ವರಗಳಿಂದ ಮುಟ್ಟಿ ಹೊರಳಿಸುವ ರೋಲ್, ಮೇಲಿನಿಂದ ಚಕ್ಕನೆ ಕತ್ತರಿಸುವ ಕಟ್, ಇಂಥ ಅಲಂಕಾರಗಳನ್ನು ಅವರವರು ತಮಗೆ ತೋಚಿದಲ್ಲಿ ಇಡುತ್ತಾರೆ. ಬಾಯಿಪಾಠವೇ ಗ್ರಂಥ, ಕಿವಿಯೇ ಗುರು. ನೂರಾರು ಧಾಟಿಗಳನ್ನು ನೆನಪಿನಲ್ಲಿಟ್ಟುಕೊಂಡವರು ಪ್ರತಿ ಮೇಜಿನಲ್ಲೂ ಸಿಗುತ್ತಾರೆ. ಬಹುಪಾಲು ಧಾಟಿಗಳನ್ನು ಕಟ್ಟಿದವರು ಯಾರೆಂದು ಯಾರಿಗೂ ಗೊತ್ತಿಲ್ಲ.

ವಾದ್ಯಗಳಲ್ಲಿ ರಾಣಿಯಂತಿರುವುದು ಇಲನ್ ಪೈಪ್. ಬಾಯಿಂದ ಊದದೆ, ತೋಳಿನ ಕೆಳಗಿನ ತಿದಿಯನ್ನು ಮೊಣಕೈಯಿಂದ ಒತ್ತಿ ಗಾಳಿ ತುಂಬಿ ನುಡಿಸುವ ಈ ಪೈಪಿಗೆ ಎರಡು ಸ್ಥಾಯಿಗಳ ಹರವಿದೆ. 2017ರಲ್ಲಿ ಯುನೆಸ್ಕೊ ಇದರ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮೇಕೆ ಚರ್ಮ ಬಿಗಿದ ಬೌರಾನ್ ಎಂಬ ತಮಟೆ ತಾಳ ಹಿಡಿಯುತ್ತದೆ. ಮಿಕ್ಕವು ಬೇರೆ ಬೇರೆ ದೇಶಗಳಿಂದ ಬಂದು ಮನೆಯವಾದವು. ಬ್ಯಾಂಜೊ ಅಮೆರಿಕದಿಂದ ಬಂತು. ಗ್ರೀಸ್ ದೇಶದ ಬುಝೂಕಿ 1960ರ ದಶಕದಲ್ಲಿ ಜಾನಿ ಮೊಯ್ನಿಹನ್ ಕೈಯಲ್ಲಿ ಐರಿಷ್ ಮೇಜಿಗೆ ಬಂದು, ಇಂದು ಹುಟ್ಟಾ ಐರಿಷ್ ವಾದ್ಯವೇನೋ ಎಂಬಂತೆ ಕುಳಿತಿದೆ. ಬಂದದ್ದನ್ನು ಒಳಗೆ ಕರೆದುಕೊಂಡು ತನ್ನ ಧಾಟಿಗೆ ಒಗ್ಗಿಸಿಕೊಳ್ಳುವ ಈ ಗುಣ ನನಗೆ ತುಂಬ ಮೆಚ್ಚುಗೆ.

ಅಡುಗೆಮನೆಯಿಂದ ಪಬ್ಬಿಗೆ

ಐರಿಷ್ ಸಂಗೀತ ಅನಾದಿಯಿಂದ ಪಬ್ಬಿನಲ್ಲೇ ಇತ್ತೆಂದು ಹೊರಗಿನವರು ತಿಳಿಯುವುದುಂಟು. ನಿಜಕ್ಕೂ ಅದು ಇದ್ದದ್ದು ಹಳ್ಳಿಮನೆಗಳ ಅಡುಗೆಕೋಣೆಯಲ್ಲಿ, ನಾಲ್ಕು ದಾರಿ ಕೂಡುವಲ್ಲಿ. ಚಳಿಗಾಲದ ರಾತ್ರಿ ನೆರೆಹೊರೆಯವರು ಒಂದು ಮನೆಯಲ್ಲಿ ಸೇರುವರು, ಒಬ್ಬ ಫಿಡಲ್ ನುಡಿಸುವನು, ಮಿಕ್ಕವರು ಕಲ್ಲುಹಾಸಿನ ಮೇಲೆ ಕುಣಿಯುವರು. 1935ರಲ್ಲಿ ಸರ್ಕಾರ ಸಾರ್ವಜನಿಕ ನೃತ್ಯಶಾಲೆಗಳ ಕಾಯ್ದೆ ತಂದು ಕುಣಿತಕ್ಕೆ ಪರವಾನಗಿ ಕಡ್ಡಾಯ ಮಾಡಿತು. ಇಂಥ ಕೂಟಗಳು ನೀತಿ ಕೆಡಿಸುತ್ತವೆ ಎಂದು ಚರ್ಚಿನ ಪಾದ್ರಿಗಳು ಅದರ ಬೆನ್ನಿಗೆ ನಿಂತರು. ಮನೆಯೊಳಗಿನ ಕುಣಿತದ ಮೇಲೂ ಆ ಕಾಯ್ದೆಯನ್ನು ಪ್ರಯೋಗಿಸಲಾಯಿತು. ಹಲವು ಕಡೆ ಅಡುಗೆಕೋಣೆಯ ಸಂಗೀತ ಸೊರಗಿತು.

ಅದೇ ಕಾಲಕ್ಕೆ ಬಡತನ ಜನರನ್ನು ಕಡಲಾಚೆ ಅಟ್ಟಿತ್ತು. ಎರಡನೇ ಮಹಾಯುದ್ಧದ ನಂತರ ಲಂಡನ್ನಿನ ಕಟ್ಟಡ ಕೆಲಸಕ್ಕೆ ಹೋದ ಐರಿಷ್ ಕೂಲಿಗಳು ಬಾಡಿಗೆಯ ಕಿರುಕೋಣೆಗಳಲ್ಲಿ ಒತ್ತೊತ್ತಾಗಿ ಇರುತ್ತಿದ್ದರು. ಅಲ್ಲಿ ಫಿಡಲ್ ನುಡಿಸಲು ಎಡೆಯಿಲ್ಲ, ನುಡಿಸಿದರೆ ಮನೆಯೊಡತಿ ಬಿಡುತ್ತಿರಲಿಲ್ಲ. ಕೆಂಟಿಷ್ ಟೌನ್, ಕ್ಯಾಮ್ಡನ್ ಟೌನ್‌ಗಳ ಪಬ್ಬುಗಳು ಅವರಿಗೆ ಮೂಲೆ ಕೊಟ್ಟವು. ಕ್ಲೇರ್‌ನವನ ಪಕ್ಕ ಸ್ಲೈಗೊದವನು, ಅವನ ಪಕ್ಕ ಕೆರಿಯವನು ಕುಳಿತು, ತಮ್ಮ ತಮ್ಮ ಸೀಮೆಯ ಧಾಟಿಗಳನ್ನು ಕೊಟ್ಟು ತೆಗೆದುಕೊಂಡರು. ಇಂದು ನಾವು ಕಾಣುವ ಸೆಷನ್ ರೂಪ ತಳೆದದ್ದು 1940ರ ದಶಕದ ಕೊನೆಯ ಆ ದಿನಗಳಲ್ಲಿ, ಅದೂ ಪರದೇಶದಲ್ಲಿ.

ವಲಸೆ ಹೋದವರು ಈ ಸಂಗೀತವನ್ನು ಕಾಪಾಡಿದ್ದು ಅದೇ ಮೊದಲಲ್ಲ. ಕಾರ್ಕ್ ಸೀಮೆಯಲ್ಲಿ 1848ರಲ್ಲಿ ಹುಟ್ಟಿ, 1901ರಿಂದ 1905ರವರೆಗೆ ಶಿಕಾಗೊ ನಗರದ ಪೊಲೀಸ್ ಮುಖ್ಯಸ್ಥನಾಗಿದ್ದ ಫ್ರಾನ್ಸಿಸ್ ಓನೀಲ್, ಅಲ್ಲಿ ನೆಲೆಸಿದ ತನ್ನ ನಾಡಿನವರಿಂದ ಧಾಟಿಗಳನ್ನು ಕೇಳಿ ಕೇಳಿ ಬರೆಸಿ, 1903ರಲ್ಲಿ 1,850 ಧಾಟಿಗಳ ಸಂಗ್ರಹ ಪ್ರಕಟಿಸಿದ. ಸ್ಲೈಗೊದಿಂದ ನ್ಯೂಯಾರ್ಕಿಗೆ ಹೋದ ಫಿಡಲ್‌ಗಾರ ಮೈಕೇಲ್ ಕೋಲ್ಮನ್ 1920ರ ದಶಕದಲ್ಲಿ ಹೊರತಂದ ಗ್ರಾಮಫೋನ್ ತಟ್ಟೆಗಳು ಐರ್ಲೆಂಡಿನ ಹಳ್ಳಿಗಳಿಗೆ ಮರಳಿ ಬಂದು, ಅಲ್ಲಿನವರು ಫಿಡಲ್ ನುಡಿಸುವ ರೀತಿಯನ್ನೇ ಬದಲಿಸಿದವು.

ತಾಯ್ನಾಡಿನಲ್ಲಿ ತಿರುವು ಬಂದದ್ದು 1951ರಲ್ಲಿ. ಆ ವರ್ಷ ಸಂಗೀತಗಾರರ ಸಂಘಟನೆ ಕೋಲ್ಟಸ್ ಹುಟ್ಟಿತು. ಮಲಿಂಗಾರ್ ಎಂಬ ಊರಿನಲ್ಲಿ ಅದರ ಮೊದಲ ಸಂಗೀತ ಜಾತ್ರೆ ನಡೆಯಿತು. ಫ್ಲಾ ಎಂದು ಕರೆಯುವ ಈ ಜಾತ್ರೆ ಇಂದಿಗೂ ಊರಿಂದೂರಿಗೆ ಹೋಗುತ್ತಿದೆ. ಸ್ಪರ್ಧೆಗೆಂದು ಬಂದವರು ಸ್ಪರ್ಧೆ ಮುಗಿಸಿ ಊರಿನ ಪಬ್ಬುಗಳಲ್ಲಿ ಕೂತು ಬೆಳಗಿನವರೆಗೆ ನುಡಿಸತೊಡಗಿದರು. ಲಂಡನ್ನಿನಿಂದ ರಜೆಗೆ ಬಂದವರೂ ಜೊತೆಗೂಡಿದರು. ಸೆಷನ್ ಮನೆಗೆ ಮರಳಿತು.

ಮೂಲೆಯಿಂದೆದ್ದ ಬ್ಯಾಂಡುಗಳು

ಡಬ್ಲಿನ್ನಿನ ಮೆರಿಯನ್ ರೋನಲ್ಲಿರುವ ಓಡೊನಹ್ಯೂಸ್ ಪಬ್ 1960ರ ದಶಕದ ಆರಂಭದಲ್ಲಿ ಹಾಡುಗಾರರ ಅಡ್ಡೆಯಾಗಿತ್ತು. ರಾನಿ ಡ್ರೂ, ಲ್ಯೂಕ್ ಕೆಲಿ, ಬಾರ್ನಿ ಮೆಕೆನ್ನಾ, ಕಿಯರನ್ ಬರ್ಕ್ ಅಲ್ಲಿ ಒಟ್ಟಿಗೆ ಹಾಡುತ್ತಿದ್ದು, 1962ರಲ್ಲಿ ಬ್ಯಾಂಡ್ ಕಟ್ಟಿದರು. ಲ್ಯೂಕ್ ಕೆಲಿ ಆಗ ಓದುತ್ತಿದ್ದದ್ದು ಜೇಮ್ಸ್ ಜಾಯ್ಸ್‌ನ ಕಥಾಸಂಕಲನ ‘ಡಬ್ಲಿನರ್ಸ್’. ಬ್ಯಾಂಡಿಗೂ ಅದೇ ಹೆಸರಾಯಿತು. ಮೆಕೆನ್ನಾ ತನ್ನ ಬ್ಯಾಂಜೊವನ್ನು ಫಿಡಲ್ಲಿಗಿಂತ ಒಂದು ಸ್ಥಾಯಿ ಕೆಳಗೆ ಶ್ರುತಿ ಮಾಡಿಕೊಂಡ. ಇಂದು ಸೆಷನ್ನಿನ ಬಹುಪಾಲು ಬ್ಯಾಂಜೊಗಳಿಗೂ ಅದೇ ಶ್ರುತಿ. ಪ್ಯಾಡಿ ಮೊಲೋನಿಯ ಚೀಫ್ಟನ್ಸ್ ಬ್ಯಾಂಡ್ ಕೂಡ ಅದೇ 1962ರಲ್ಲಿ ಹುಟ್ಟಿ, 1983ರಲ್ಲಿ ಚೀನಾದ ಮಹಾಗೋಡೆಯವರೆಗೆ ಹೋಗಿ ನುಡಿಸಿ ಬಂತು. ಅದರ ಕೊಳಲುಗಾರ ಮ್ಯಾಟ್ ಮೊಲಾಯ್ ಪಶ್ಚಿಮದ ವೆಸ್ಟ್‌ಪೋರ್ಟ್ ಊರಿನಲ್ಲಿ ತಮ್ಮದೇ ಹೆಸರಿನ ಪಬ್ ಇಟ್ಟರು. ಅಲ್ಲಿನ ಸೆಷನ್ ಕೇಳಲು ದೂರದೂರದಿಂದ ಜನ ಬರುತ್ತಾರೆ. ಹೆಸರು ಮಾಡಿದವರೂ ಮೂಲೆಗೆ ಮರಳುವುದು ಈ ಪರಂಪರೆಯ ದೊಡ್ಡತನ.

ಕಲಿಕೆಯೂ ಈ ಮೇಜಿನ ಆಸುಪಾಸಿನಲ್ಲೇ. ಪೈಪ್ ವಾದಕ ವಿಲಿ ಕ್ಲಾನ್ಸಿ 1973ರಲ್ಲಿ ತೀರಿಕೊಂಡಾಗ ಅವನ ಊರು ಮಿಲ್‌ಟೌನ್ ಮಾಲ್ಬೆಯಲ್ಲಿ ಗೆಳೆಯರು ಬೇಸಿಗೆ ಶಾಲೆಯೊಂದನ್ನು ಶುರುಮಾಡಿದರು. ಪ್ರತಿ ಜುಲೈನಲ್ಲಿ ಅದು ನಡೆಯುತ್ತದೆ. ಬೆಳಿಗ್ಗೆ ತರಗತಿಯಲ್ಲಿ ಕಲಿತ ಧಾಟಿಯನ್ನು ಮಕ್ಕಳು ಸಂಜೆ ಊರಿನ ಪಬ್ಬಿನಲ್ಲಿ ಹಿರಿಯರ ಪಕ್ಕ ಕೂತು ನುಡಿಸುತ್ತಾರೆ.

ಕೂರುವ ರೀತಿ ನೀತಿ

ಸೆಷನ್ನಿಗೆ ಬರೆದಿಟ್ಟ ನಿಯಮಗಳಿಲ್ಲ, ಆದರೆ ಎಲ್ಲರಿಗೂ ಗೊತ್ತಿರುವ ಮರ್ಯಾದೆಗಳಿವೆ. ಹೊಸಬರು ಒಪ್ಪಿಗೆ ಕೇಳಿ ಕೂರಬೇಕು. ಗೊತ್ತಿಲ್ಲದ ಧಾಟಿಗೆ ತಡವರಿಸಬಾರದು, ಕೈಕಟ್ಟಿ ಆಲಿಸಬೇಕು. ಒಂದು ಮೇಜಿಗೆ ಒಂದು ಗಿಟಾರ್, ಒಂದು ಬೌರಾನ್ ಸಾಕು. ಇವು ಎರಡೆರಡಾದರೆ ಕೊಳಲು, ಫಿಡಲ್‌ಗಳ ದನಿ ಮುಳುಗುತ್ತದೆ. ಹಾಡುವವರು ಬಾಯಿ ತೆರೆದಾಗ ಮಾತ್ರ ಇಡೀ ಪಬ್ ಮಾತು ನಿಲ್ಲಿಸುತ್ತದೆ. ಯಾವ ಪಕ್ಕವಾದ್ಯವೂ ಇಲ್ಲದೆ ಐರಿಷ್ ಭಾಷೆಯಲ್ಲಿ ಹಾಡುವ ಶನೋಸ್ ಎಂಬ ಹಳೆಯ ಶೈಲಿಗೆ ಅಲ್ಲಿನವರು ಕೊಡುವ ಗೌರವ ದೊಡ್ಡದು.

ಮೂಲೆಗಾಗಿ ಬೀದಿಗಿಳಿದ ಊರು

2021ರಲ್ಲಿ ಕಾಬಲ್‌ಸ್ಟೋನ್ ಜಾಗದಲ್ಲಿ ಬಹುಮಹಡಿ ಹೋಟೆಲ್ ಕಟ್ಟುವ ಯೋಜನೆ ಬಂತು. ಪಬ್ಬಿನ ಮುಂಭಾಗ ಉಳಿಯುತ್ತಿತ್ತು, ಆದರೆ ಹಿಂದಿನ ಭಾಗ, ಅಂದರೆ ತರಗತಿಗಳೂ ಸಂಗೀತ ಕಚೇರಿಗಳೂ ನಡೆಯುತ್ತಿದ್ದ ಜಾಗ ಹೋಗುತ್ತಿತ್ತು. ಆ ಅಕ್ಟೋಬರಿನಲ್ಲಿ ಜನ ದೊಡ್ಡ ಸಂಖ್ಯೆಯಲ್ಲಿ ವಾದ್ಯಗಳನ್ನು ಹಿಡಿದು ಬೀದಿಗೆ ಬಂದರು. ನವೆಂಬರಿನಲ್ಲಿ ಡಬ್ಲಿನ್ ನಗರಪಾಲಿಕೆ ಅನುಮತಿ ನಿರಾಕರಿಸಿತು. ಕಟ್ಟಡ ಆ ಬೀದಿಗೆ ಅತಿಯಾಯಿತು ಎಂಬುದರ ಜೊತೆಗೆ, ಸಾಂಸ್ಕೃತಿಕ ಜಾಗವೊಂದು ನಷ್ಟವಾಗುತ್ತದೆ ಎಂಬುದೂ ಅದಕ್ಕೆ ಕಾರಣವಾಗಿತ್ತು. ಸಂಗೀತ ಉಳಿಯಬೇಕಾದರೆ ಅದು ಕೂರುವ ಜಾಗ ಉಳಿಯಬೇಕು ಎಂಬ ಮಾತನ್ನು ಒಂದು ಊರು ಇಷ್ಟು ಸ್ಪಷ್ಟವಾಗಿ ಹೇಳಿದ ಉದಾಹರಣೆ ಅಪರೂಪ.

ನಮ್ಮ ನಾಡಿಗೂ ಈ ಮಾತು ಸಲ್ಲುತ್ತದೆ. ಹಾವೇರಿ, ಧಾರವಾಡದ ಕಡೆಯ ಹಳ್ಳಿಗಳಲ್ಲಿ ಅಮಾವಾಸ್ಯೆಯ ರಾತ್ರಿ ಏಕತಾರಿ, ದಮ್ಮಡಿ, ತಾಳ ಹಿಡಿದು ಸುತ್ತ ಕೂತು ಶಿಶುನಾಳ ಶರೀಫರ ತತ್ವಪದ ಹಾಡುವ ಭಜನಾ ಮಂಡಳಿಗಳಿವೆ. ಅವರೂ ಹಗಲು ಹೊಲದಲ್ಲಿ ದುಡಿದು ಬಂದವರೇ, ಕೇಳಿ ಕಲಿತವರೇ. ಗಾಯಕ ರಘು ದೀಕ್ಷಿತ್ ಅಂಥವರ ಬಾಯಲ್ಲಿ ಶರೀಫರ ಪದಗಳು ಬ್ರಿಟನ್ನಿನ ವೇದಿಕೆಗಳನ್ನೂ ಮುಟ್ಟಿವೆ. ಆದರೆ ವೇದಿಕೆಗೆ ಹೋದದ್ದನ್ನು ಹೆತ್ತದ್ದು ಹಳ್ಳಿಯ ಆ ಕಟ್ಟೆ, ಆ ಗುಡಿಯ ಅಂಗಳ. ಉತ್ಸವಗಳಿಗೆ ಸುರಿಯುವ ಹಣದಲ್ಲಿ ಒಂದು ಪಾಲು ಇಂಥ ಜಾಗಗಳಿಗೆ ಬರಲಿ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕೆಫೆ ಮಾಲೀಕರಲ್ಲೂ ಒಂದು ಬಿನ್ನಹ: ವಾರಕ್ಕೊಂದು ಸಂಜೆ ಒಂದು ಮೇಜು ಬಿಟ್ಟುಕೊಡಿ, ಇಬ್ಬರು ಜನಪದ ಹಾಡುಗಾರರಿಗೆ ಸಂಭಾವನೆ ಕೊಟ್ಟು ಕೂರಿಸಿ, ಬಂದು ಸೇರುವವರಿಗೆ ಬಾಗಿಲು ತೆರೆದಿಡಿ. ಕೆಲಸಕ್ಕೋ ಓದಿಗೋ ಡಬ್ಲಿನ್ನಿಗೆ ಹೋಗುವ ಕನ್ನಡಿಗರು ಸ್ಮಿತ್‌ಫೀಲ್ಡಿನ ಆ ಮೂಲೆಗೆ ತಪ್ಪದೆ ಹೋಗಿ ಬನ್ನಿ. ಕೇಳಲು ಟಿಕೆಟ್ ಬೇಡ, ಕುಡಿಯಲೇಬೇಕೆಂಬ ಕಟ್ಟಳೆಯೂ ಇಲ್ಲ. ಒಂದು ಲೋಟ ಕಿತ್ತಳೆ ರಸ ತೆಗೆದುಕೊಂಡು ಕುಳಿತರೆ ಸಾಕು.