ಬಾಲ್ಟಿಮೋರಿನ 21 ಸೋಲುಗಳು: ಒಂದು ತಂಡದ ಹೊಡೆತದ ಬರ, ಒಂದು ನಗರದ ಅಸಮಾಧಾನ

ಚರಿತ್ರೆಯ ಅಭ್ಯಾಸಿಗಳಾದ ನಾವು ಆಟದ ಬಯಲನ್ನು ಸಾಮಾನ್ಯವಾಗಿ ನಮ್ಮ ವಿಷಯದ ಎಲ್ಲೆಯಿಂದ ಹೊರಗಿಡುತ್ತೇವೆ. ಆದರೆ ಒಂದು ನಗರದ ಜನ ತಮ್ಮನ್ನು ಒಂದು ಸಮುದಾಯವೆಂದು ಹೇಗೆ ಭಾವಿಸಿಕೊಳ್ಳುತ್ತಾರೆಂಬ ಪ್ರಶ್ನೆ ಚರಿತ್ರೆಗೆ ಸೇರಿದುದೇ ಆಗಿದ್ದಲ್ಲಿ, 1988ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ನಡೆದುದು ಅವಲೋಕನಕ್ಕೆ ಅರ್ಹವಾದುದು. ಆ ತಿಂಗಳು ಅಲ್ಲಿಯ ವೃತ್ತಿನಿರತ ಬೇಸ್‌ಬಾಲ್ ತಂಡವಾದ ಓರಿಯೋಲ್ಸ್, ಋತುವಿನ ಮೊದಲ ಆಟದಿಂದ ತೊಡಗಿ ಎಡೆಬಿಡದೆ 21 ಆಟಗಳನ್ನು ಸೋತಿತು. ಋತುವಿನ ಆರಂಭದಲ್ಲಿಯೇ ಇಷ್ಟು ಸೋತ ತಂಡ ಅಮೆರಿಕದ ಪ್ರಧಾನ ಲೀಗುಗಳಲ್ಲಿ ಅದಕ್ಕೆ ಮೊದಲು ಇರಲಿಲ್ಲ. ಹಳೆಯ ದಾಖಲೆ 13 ಮಾತ್ರವಾಗಿದ್ದಿತು.

ಕ್ರಿಕೆಟ್ಟನ್ನು ಬಲ್ಲ ನಮ್ಮ ಓದುಗರಿಗೆ ಬೇಸ್‌ಬಾಲಿನ ಒಂದೆರಡು ಅಂಶಗಳನ್ನು ಇಲ್ಲಿ ತಿಳಿಸುವುದು ಅವಶ್ಯಕ. ಕ್ರಿಕೆಟ್ಟಿನಲ್ಲಿ ದಾಂಡಿಗನು ಬಂದ ಚೆಂಡನ್ನು ತಡೆದು ನಿಲ್ಲಬಹುದು. ಚೆಂಡು ತಗುಲಿದ ಮಾತ್ರಕ್ಕೆ ಓಡಲೇಬೇಕೆಂಬ ನಿರ್ಬಂಧವಿಲ್ಲ. ಬೇಸ್‌ಬಾಲಿನಲ್ಲಿ ಹಾಗಲ್ಲ. ಪಿಚರನು 60 ಅಡಿ 6 ಅಂಗುಲ ದೂರದಿಂದ ಎಸೆಯುವ ಚೆಂಡು ನೆಲ ಮುಟ್ಟದೆ, ಅರ್ಧ ಸೆಕೆಂಡಿಗಿಂತಲೂ ಕಡಿಮೆ ಅವಧಿಯಲ್ಲಿ ಬಂದು ಸೇರುತ್ತದೆ. ದುಂಡನೆಯ ದಾಂಡಿನಿಂದ ಅದನ್ನು ಅಂಕಣದ ಒಳಭಾಗಕ್ಕೆ ಹೊಡೆದೊಡನೆಯೇ ದಾಂಡಿಗನು ಓಡತಕ್ಕದ್ದು. ಹತ್ತು ಅವಕಾಶಗಳಲ್ಲಿ ಮೂರು ಸಲ ಸಫಲನಾದವನು ಉತ್ತಮ ದಾಂಡಿಗನೆಂದು ಮನ್ನಣೆ ಪಡೆಯುತ್ತಾನೆ. ಅಂದರೆ ಈ ಆಟದಲ್ಲಿ ವೈಫಲ್ಯವೇ ನಿತ್ಯದ ಸ್ಥಿತಿ. ಅದು ನಿತ್ಯದ ಮಟ್ಟವನ್ನು ಮೀರಿ ಮುಂದುವರಿದಾಗ ಮಾತ್ರ ಜನ ಅದನ್ನು ಹೊಡೆತದ ಬರವೆಂದು ಗುರುತಿಸುತ್ತಾರೆ.

ಈ ಬರಕ್ಕೆ ಕಾರಣವೇನು? ಬಹುಪಾಲು ಸಂದರ್ಭಗಳಲ್ಲಿ ಯಾದೃಚ್ಛಿಕತೆಯೇ ಸಾಕಾದ ಕಾರಣವೆಂದು ಗಣಿತ ತೋರಿಸುತ್ತದೆ. ನಾಲ್ಕರಲ್ಲಿ ಒಂದು ಸಲ ಸಫಲನಾಗುವ ದಾಂಡಿಗನು ನಿರ್ದಿಷ್ಟವಾದ 20 ಅವಕಾಶಗಳಲ್ಲಿಯೂ ವಿಫಲನಾಗುವ ಸಂಭವ ಸಾವಿರಕ್ಕೆ ಸುಮಾರು ಮೂರು. ಇದು ಅಲ್ಪವೆನಿಸಬಹುದು, ಆದರೆ ಒಬ್ಬೊಬ್ಬನಿಗೂ ವರ್ಷಕ್ಕೆ ಐನೂರು ಅವಕಾಶಗಳು ದೊರೆಯುವ, ನೂರಾರು ಜನ ಆಡುವ ಲೀಗಿನಲ್ಲಿ ಯಾರೋ ಕೆಲವರು ಪ್ರತಿವರ್ಷವೂ ಈ ಕುಣಿಕೆಗೆ ಸಿಕ್ಕಿಯೇ ಸಿಗುತ್ತಾರೆ. ಇನ್ನೊಂದು ಕಾರಣ ಆಟದ ರಚನೆಯಲ್ಲಿಯೇ ಅಡಗಿದೆ. ಎಂಟು ಹೊಡೆತಗಳು ಎಂಟು ಇನ್ನಿಂಗ್ಸುಗಳಲ್ಲಿ ಚದುರಿಹೋದರೆ ಒಂದು ಓಟವೂ ಬಾರದೆ ಇರಬಹುದು; ಅವೇ ಎಂಟು ಎರಡು ಇನ್ನಿಂಗ್ಸುಗಳಲ್ಲಿ ಒಟ್ಟುಗೂಡಿದರೆ ಐದಾರು ಓಟಗಳು ಬರಬಹುದು. ಸುತ್ತಲಿನವರು ದುರ್ಬಲರಾದಾಗ ಎದುರಾಳಿಯು ತಂಡದ ಒಬ್ಬಿಬ್ಬರು ಸಮರ್ಥ ದಾಂಡಿಗರಿಗೆ ಒಳ್ಳೆಯ ಚೆಂಡನ್ನೇ ಎಸೆಯುವುದಿಲ್ಲ. ಅವರು ಬೇಸತ್ತು ಕೆಟ್ಟ ಚೆಂಡುಗಳಿಗೂ ದಾಂಡು ಬೀಸತೊಡಗುತ್ತಾರೆ. ಬರವು ಒಬ್ಬನಿಂದ ಮತ್ತೊಬ್ಬನಿಗೆ ಹರಡಿತೆಂಬ ಭಾವನೆ ಹುಟ್ಟುವುದು ಹೀಗೆ.

ಏಪ್ರಿಲ್ 4ರಂದು ಬಾಲ್ಟಿಮೋರಿನ ಮೆಮೋರಿಯಲ್ ಕ್ರೀಡಾಂಗಣದಲ್ಲಿ ಐವತ್ತು ಸಾವಿರಕ್ಕೂ ಮೀರಿದ ಪ್ರೇಕ್ಷಕರ ಮುಂದೆ ಓರಿಯೋಲ್ಸ್ ತಂಡವು ಮಿಲ್ವಾಕಿ ತಂಡಕ್ಕೆ 12-0 ಅಂತರದಿಂದ ಸೋತಿತು. ಮುಂದಿನದೆಲ್ಲ ಅದರ ಅನುವೃತ್ತಿ. 21 ಆಟಗಳಲ್ಲಿ ತಂಡ ಗಳಿಸಿದ ಓಟಗಳು 44, ಬಿಟ್ಟುಕೊಟ್ಟವು 129. ಆಟವೊಂದಕ್ಕೆ ಎರಡು ಓಟ ಗಳಿಸುವ ತಂಡ ಗೆಲ್ಲುವುದು ದುಸ್ಸಾಧ್ಯ. ಆದರೆ ಅಂದಿನ ಅಭಿಮಾನಿಗಳು ದಾಂಡಿಗರನ್ನೇ ಹೆಚ್ಚಾಗಿ ದೂಷಿಸಿದರೆ ಅದು ಪೂರ್ಣ ನ್ಯಾಯವಲ್ಲ. ಆಟಕ್ಕೆ ಆರು ಓಟಗಳನ್ನು ಕೊಟ್ಟ ಪಿಚರುಗಳ ಪಾಲೂ ಅದರಲ್ಲಿದ್ದಿತು. ಆ ತಂಡದಲ್ಲಿ ಎಡ್ಡಿ ಮರ್ರೆ, ಕ್ಯಾಲ್ ರಿಪ್ಕೆನ್ ಕಿರಿಯ ಇವರಂಥ ದಾಂಡಿಗರಿದ್ದರು. ಇಬ್ಬರೂ ಮುಂದೆ ಆಟದ ಕೀರ್ತಿಮಂದಿರವನ್ನು ಸೇರಿದರು. ಐದೇ ವರ್ಷಗಳ ಹಿಂದೆ, 1983ರಲ್ಲಿ, ಇವರಿದ್ದ ತಂಡವೇ ವರ್ಲ್ಡ್ ಸೀರೀಸನ್ನು ಗೆದ್ದಿದ್ದಿತು.

ಆರು ಸೋಲುಗಳಾಗುತ್ತಲೇ ಆಡಳಿತದವರು ಮ್ಯಾನೇಜರ್ ಕ್ಯಾಲ್ ರಿಪ್ಕೆನ್ ಹಿರಿಯರನ್ನು ತೆಗೆದುಹಾಕಿದರು. ಮೂರು ದಶಕಗಳ ಕಾಲ ಆ ಸಂಸ್ಥೆಯಲ್ಲಿಯೇ ದುಡಿದ ಮನುಷ್ಯ ಅವರು. ಅವರ ಇಬ್ಬರು ಮಕ್ಕಳು ಅದೇ ತಂಡದಲ್ಲಿ ಆಡುತ್ತಿದ್ದರು. ಕಿರಿಯ ಮಗ ಬಿಲ್ಲಿ ತನ್ನ ಅಂಗಿಯ ಸಂಖ್ಯೆಯನ್ನು ಬಿಟ್ಟು ತಂದೆಯ 7ನ್ನು ತೊಟ್ಟನು. ಋತುವಿನಲ್ಲಿ 162 ಆಟಗಳಿರುವಾಗ ಆರು ಆಟಗಳ ಆಧಾರದ ಮೇಲೆ ತೀರ್ಪು ಕೊಟ್ಟುದು ನಮ್ಮ ಅಭಿಪ್ರಾಯದಲ್ಲಿ ಅವಿವೇಕ. ಅವರ ಸ್ಥಾನಕ್ಕೆ ಬಂದ ಫ್ರಾಂಕ್ ರಾಬಿನ್‌ಸನ್ 1966ರ ವಿಜಯದ ನಾಯಕಮಣಿ, 1975ರಲ್ಲಿ ಪ್ರಧಾನ ಲೀಗುಗಳ ಪ್ರಪ್ರಥಮ ಕರಿಯ ಮ್ಯಾನೇಜರ್ ಆದವರು. ಅವರ ಕೈಕೆಳಗೂ ತಂಡ ಇನ್ನೂ ಹದಿನೈದು ಆಟಗಳನ್ನು ಸೋತಿತು. ರೋಗದ ಬೇರು ಪೀಠದಲ್ಲಿ ಕುಳಿತವರಲ್ಲಿ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. 1984ರ ಅಂತ್ಯದಲ್ಲಿ ಫ್ರೆಡ್ ಲಿನ್, ಲೀ ಲೇಸಿ ಮೊದಲಾದ ವಯಸ್ಕ ಆಟಗಾರರಿಗೆ ಹಣ ಸುರಿದ ಈ ಸಂಸ್ಥೆ, ತನ್ನದೇ ಮಡಿಯಲ್ಲಿ ಸಸಿ ಬೆಳೆಸುವ ಹಳೆಯ ಪದ್ಧತಿಯಲ್ಲಿ ಹಿಂದೆ ಬಿದ್ದಿದ್ದಿತು. 1987ರಲ್ಲಿಯೇ 95 ಆಟಗಳನ್ನು ಸೋತಿದ್ದಿತು.

ಅಭಿಮಾನಿಗಳ ಅಸಮಾಧಾನ ವಿಚಿತ್ರ ರೂಪಗಳನ್ನು ತಾಳಿತು. ಬಾಬ್ ರಿವರ್ಸ್ ಎಂಬ ಬಾನುಲಿ ನಿರೂಪಕನು, ತಂಡ ಗೆಲ್ಲುವವರೆಗೂ ತಾನು ಪ್ರಸಾರದ ಕೊಠಡಿಯನ್ನು ಬಿಡುವುದಿಲ್ಲವೆಂದು ಹಟ ತೊಟ್ಟನು. ಆ ಪ್ರತಿಜ್ಞೆ ಮುಗಿಯಲು 258 ಗಂಟೆಗಳು ಹಿಡಿದುವು. ಹಾಸ್ಯ, ಹರಕೆ, ಬೈಗುಳ ಎಲ್ಲವೂ ಒಂದಾಗಿ ಬೆರೆತುವು. ಆದರೆ ಇದರ ತಳದಲ್ಲಿ ನಗೆಯಲ್ಲದ ಒಂದು ಭಯವಿದ್ದಿತು. 1984ರ ಮಾರ್ಚಿಯಲ್ಲಿ ಆ ನಗರದ ಫುಟ್‌ಬಾಲ್ ತಂಡವಾದ ಕೋಲ್ಟ್ಸ್, ರಾತ್ರೋರಾತ್ರಿ ಸಾಮಾನುಗಳನ್ನು ಲಾರಿಗಳಲ್ಲಿ ತುಂಬಿಕೊಂಡು ಇಂಡಿಯಾನಾಪೊಲಿಸ್ ನಗರಕ್ಕೆ ಹೊರಟುಹೋಗಿದ್ದಿತು. ಓರಿಯೋಲ್ಸ್ ತಂಡದ ಒಡೆಯ ಎಡ್ವರ್ಡ್ ಬೆನೆಟ್ ವಿಲಿಯಮ್ಸ್ ನೆರೆಯ ವಾಷಿಂಗ್ಟನ್ನಿನ ವಕೀಲ. ಸೋಲುವ ತಂಡಕ್ಕೆ ಪ್ರೇಕ್ಷಕರು ಬಾರದಿದ್ದರೆ ಅದೂ ಊರು ಬಿಡಬಹುದೆಂಬ ಶಂಕೆ ಮನೆಮನೆಯಲ್ಲಿದ್ದಿತು. ಹೊಡೆತದ ಬರ ಈ ಶಂಕೆಗೆ ಎಣ್ಣೆ ಎರೆಯಿತು.

ಪ್ರೀತಿ ತಂಡವನ್ನು ಉಳಿಸುತ್ತದೆಯೆಂಬ ಭರವಸೆಯೂ ಅವರಿಗೆ ಇರುವಂತಿರಲಿಲ್ಲ. ಬ್ರೂಕ್ಲಿನ್ನಿನ ನಿದರ್ಶನ ಕಣ್ಣೆದುರಿಗಿದ್ದಿತು. 1952ರ ವರ್ಲ್ಡ್ ಸೀರೀಸಿನಲ್ಲಿ ಡಾಡ್ಜರ್ಸ್ ತಂಡದ ಗಿಲ್ ಹಾಡ್ಜಸ್ 21 ಅವಕಾಶಗಳಲ್ಲಿ ಒಂದು ಹೊಡೆತವನ್ನೂ ಸಾಧಿಸಲಿಲ್ಲ. ಬ್ರೂಕ್ಲಿನ್ನಿನ ಜನ ಅವನನ್ನು ಹೀಯಾಳಿಸದೆ ಸಂತೈಸಿದರು. ಮುಂದಿನ ವರ್ಷ ಅವನ ಬರ ಮರುಕಳಿಸಿದಾಗ ಒಬ್ಬ ಪಾದ್ರಿಯು ಉಪದೇಶವನ್ನು ಮೊಟಕುಗೊಳಿಸಿ, ಅವನಿಗಾಗಿ ಪ್ರಾರ್ಥಿಸಿರೆಂದು ಸಭಿಕರನ್ನು ಬೀಳ್ಕೊಟ್ಟನು. 1953ರ ಸೀರೀಸಿನಲ್ಲಿ ಹಾಡ್ಜಸ್ ಚೆನ್ನಾಗಿಯೇ ಹೊಡೆದನು. ಆದರೂ 1957ರ ಋತು ಮುಗಿದ ಮೇಲೆ ತಂಡವು ಲಾಸ್ ಏಂಜಲೀಸಿಗೆ ಹೊರಟುಹೋಯಿತು. ಬಾಲ್ಟಿಮೋರಿಗೆ ಓರಿಯೋಲ್ಸ್ ದೊರೆತುದೂ ಹೀಗೆಯೇ: 1954ರಲ್ಲಿ ಸೇಂಟ್ ಲೂಯಿಸ್ ಕಳೆದುಕೊಂಡ ತಂಡ ಅದು. ಒಂದೂರಿನ ಶೋಕ ಇನ್ನೊಂದೂರಿನ ಉತ್ಸವ.

ಏಪ್ರಿಲ್ 29ರಂದು ಷಿಕಾಗೋದಲ್ಲಿ ತಂಡ 9-0 ಅಂತರದಿಂದ ಗೆದ್ದಿತು. ಬಳಿಕ ಮತ್ತೆರಡು ಆಟಗಳನ್ನು ಸೋತು, ಒಂದು ಗೆಲುವು 23 ಸೋಲುಗಳೊಡನೆ ಮನೆಗೆ ಮರಳಿತು. ಮೇ 2ರಂದು, ಸೋಮವಾರ ರಾತ್ರಿ, ಅದನ್ನು ನೋಡಲು 50,402 ಜನ ಬಂದರು. ನಾವು ಈ ಸಂಖ್ಯೆಯನ್ನು ಇಡೀ ಪ್ರಕರಣದ ಮುಖ್ಯ ದಾಖಲೆಯೆಂದು ಎಣಿಸುತ್ತೇವೆ. ಇಷ್ಟು ಜನ ಬಂದುದು ಗೆಲುವಿನ ನಿರೀಕ್ಷೆಯಿಂದಲ್ಲ. ತಂಡ ತಮ್ಮದೆಂಬುದನ್ನು ಒಡೆಯನ ಕಣ್ಣಿಗೆ ಕಾಣಿಸಲು ಬಂದರೆಂದು ತಿಳಿಯುವುದು ಯುಕ್ತ. ಆ ರಾತ್ರಿಯೇ ವಿಲಿಯಮ್ಸ್, ಗವರ್ನರ್ ವಿಲಿಯಮ್ ಡೊನಾಲ್ಡ್ ಷೇಫರ್ ಇವರೊಡನೆ, ಹೊಸ ಕ್ರೀಡಾಂಗಣಕ್ಕಾಗಿ ದೀರ್ಘಾವಧಿಯ ಒಪ್ಪಂದವಾದುದನ್ನು ಪ್ರಕಟಿಸಿದರು. ಒಪ್ಪಂದದ ಮಾತುಕತೆ ಮೊದಲೇ ನಡೆದಿದ್ದುದರಿಂದ, ಜನಸಂದಣಿಯೇ ಅದನ್ನು ಸಾಧಿಸಿತೆಂದು ಹೇಳುವಂತಿಲ್ಲ. ಆಟವನ್ನು ತಂಡ 9-4 ಅಂತರದಿಂದ ಗೆದ್ದಿತು.

ಆ ವರ್ಷದ ಒಟ್ಟು ಲೆಕ್ಕ 54 ಗೆಲುವು, 107 ಸೋಲು. ಮೂರು ಆಟಗಳಲ್ಲಿ ಒಂದನ್ನು ಗೆಲ್ಲುವ ತಂಡ ನಿರ್ದಿಷ್ಟವಾದ 21 ಆಟಗಳನ್ನೂ ಸೋಲುವ ಸಂಭವ ಸುಮಾರು ಐದು ಸಾವಿರಕ್ಕೆ ಒಂದು. ತಂಡ ದುರ್ಬಲವಾಗಿದ್ದಿತು, ಜೊತೆಗೆ ದುರದೃಷ್ಟವೂ ಸೇರಿತೆಂದು ಇದರಿಂದ ಊಹಿಸಬಹುದು. ವಿಲಿಯಮ್ಸ್ ಆಗಸ್ಟಿನಲ್ಲಿ ನಿಧನರಾದರು. ಮರುವರ್ಷ, ಬಹುಮಟ್ಟಿಗೆ ಹೊಸಬರಿಂದಲೇ ಕೂಡಿದ ತಂಡ 87 ಆಟಗಳನ್ನು ಗೆದ್ದು, ಕೊನೆಯ ವಾರಾಂತ್ಯದವರೆಗೂ ಟೊರಾಂಟೊ ತಂಡದೊಡನೆ ಅಗ್ರಸ್ಥಾನಕ್ಕಾಗಿ ಸೆಣಸಿ ಎರಡನೆಯದಾಗಿ ನಿಂತಿತು. ಒಪ್ಪಂದದ ಹೊಸ ಕ್ರೀಡಾಂಗಣ ಹಳೆಯ ರೈಲ್ವೆ ಅಂಗಳದ ಮೇಲೆ 1992ರಲ್ಲಿ ತೆರೆಯಿತು. 2024ರಲ್ಲಿ ಷಿಕಾಗೋದ ವೈಟ್ ಸಾಕ್ಸ್ ತಂಡವು ಋತುವಿನ ನಡುವೆ 21 ಆಟಗಳನ್ನು ಸತತವಾಗಿ ಸೋತು ಓರಿಯೋಲ್ಸ್ ತಂಡದ ಸಂಖ್ಯೆಯನ್ನು ಸರಿಗಟ್ಟಿತು. 1988ರಲ್ಲಿ ಆ ಸರಣಿಗೆ ಕೊನೆ ಹಾಡಿದ ತಂಡವೂ ಅದೇ ಆಗಿದ್ದಿತು.