ಅಳಿಸಿದರೂ ಅಳಿಯದ ಹೆಸರು: ಮಾರ್ಕಸ್

ರೋಮ್ ನಗರದ ಕ್ಯಾಪಿಟೊಲಿನ್ ಬೆಟ್ಟದ ಮೇಲೆ ಕಂಚಿನ ಕುದುರೆಯೇರಿದ ಗಡ್ಡಧಾರಿಯೊಬ್ಬನಿದ್ದಾನೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಕಂಚಿನ ಕುದುರೆಯೇರಿದ ಇನ್ನೊಬ್ಬನಿದ್ದಾನೆ. ಒಬ್ಬ ರೋಮನ್ ಚಕ್ರವರ್ತಿ, ಇನ್ನೊಬ್ಬ ಬ್ರಿಟಿಷ್ ಅಧಿಕಾರಿ. ಇಬ್ಬರ ನಡುವೆ ಸುಮಾರು ಹದಿನೇಳು ಶತಮಾನಗಳ ಅಂತರ. ಇಬ್ಬರೂ ತಾವು ಬಹುಕಾಲ ನಿಂತಿದ್ದ ಜಾಗದಿಂದ ಎತ್ತಂಗಡಿಯಾದವರು. ಇನ್ನೂ ಒಂದು ಸಾಮ್ಯವಿದೆ. ಇಬ್ಬರ ತಂದೆತಾಯಿಯರೂ ಮಗುವಿಗೆ ಇಟ್ಟದ್ದು ಒಂದೇ ಹೆಸರು. ಲ್ಯಾಟಿನ್‌ನಲ್ಲಿ ಅದು ಮಾರ್ಕಸ್, ಇಂಗ್ಲಿಷಿನಲ್ಲಿ ಮಾರ್ಕ್.

ಚರಿತ್ರೆಯಲ್ಲಿ ಈ ಹೆಸರು ಪಟ್ಟ ಪಾಡು ಕುತೂಹಲಕರವಾದುದು. ಇದನ್ನು ಒಂದು ಕುಲ ತಾನಾಗಿಯೇ ಬಿಟ್ಟುಕೊಟ್ಟಿತು. ಮತ್ತೊಂದು ಕುಲಕ್ಕೆ ಇದನ್ನು ಸರ್ಕಾರವೇ ನಿಷೇಧಿಸಿತು. ಬಿಡುಗಡೆ ಪಡೆದ ಗುಲಾಮರು ಇದನ್ನು ಹೆಮ್ಮೆಯಿಂದ ಧರಿಸಿದರು. ಕೊನೆಗೆ ಇದು ಯಾವ ಆಜ್ಞೆಗೂ ಬಗ್ಗದೆ ಜಗತ್ತಿನ ಮೂಲೆಮೂಲೆಗೂ ಹರಡಿತು.

ಕುಜನ ಮಕ್ಕಳು

ಮಾರ್ಕಸ್ ಎಂಬ ಹೆಸರಿನ ಮೂಲ 'ಮಾರ್ಸ್'. ರೋಮನ್ನರಿಗೆ ಮಾರ್ಸ್ ಯುದ್ಧದ ದೇವತೆ. ನಾವು ಮಂಗಳ, ಕುಜ, ಅಂಗಾರಕ ಎಂದು ಕರೆಯುವ ಕೆಂಪು ಗ್ರಹಕ್ಕೆ ಪಾಶ್ಚಾತ್ಯರು ಇಟ್ಟಿರುವುದು ಇವನ ಹೆಸರನ್ನೇ. ಮಾರ್ಚ್ ತಿಂಗಳ ಹೆಸರು ಬಂದದ್ದೂ ಇವನಿಂದಲೇ.

ರೋಮನ್ ಪ್ರಜೆಯೊಬ್ಬನ ಹೆಸರಿನಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತಿದ್ದವು. ಮೊದಲನೆಯದು ಸ್ವಂತ ಹೆಸರು, ಎರಡನೆಯದು ಕುಲದ ಹೆಸರು, ಮೂರನೆಯದು ಅಡ್ಡಹೆಸರು. ವಿಚಿತ್ರವೆಂದರೆ ಸ್ವಂತ ಹೆಸರುಗಳ ಸಂಖ್ಯೆ ತೀರಾ ಕಡಿಮೆ. ಗಣರಾಜ್ಯದ ಕೊನೆಗಾಲದ ಹೊತ್ತಿಗೆ ಬಳಕೆಯಲ್ಲಿದ್ದ ಹೆಸರುಗಳು ಸುಮಾರು 18 ಮಾತ್ರ! ಊರಿನ ಗಂಡಸರೆಲ್ಲ ಅಷ್ಟರಲ್ಲೇ ಹಂಚಿಕೊಳ್ಳಬೇಕು. ಹೀಗಾಗಿ ಹೆಸರನ್ನು ಪೂರ್ತಿ ಬರೆಯುವ ಅಗತ್ಯವೂ ಇರಲಿಲ್ಲ. ಶಾಸನಗಳಲ್ಲಿ ಬರೀ 'ಎಂ' ಎಂಬ ಒಂದಕ್ಷರ ಕೆತ್ತಿದರೆ ಸಾಕು, ಓದುವವರಿಗೆ ಅದು ಮಾರ್ಕಸ್ ಎಂದು ತಿಳಿಯುತ್ತಿತ್ತು.

ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟದ್ದು. ಅವರಿಗೆ ಸಾಮಾನ್ಯವಾಗಿ ಸ್ವಂತ ಹೆಸರೇ ಇರುತ್ತಿರಲಿಲ್ಲ. ಕುಲದ ಹೆಸರಿನ ಸ್ತ್ರೀಲಿಂಗ ರೂಪವೇ ಅವರ ಹೆಸರು. ಮಾರ್ಕ್ ಆಂಟನಿಗೆ ಆಕ್ಟೇವಿಯಾಳಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳ ಹೆಸರೂ ಆಂಟೋನಿಯಾ. ಗುರುತಿಗೆ ಒಬ್ಬಳು ಹಿರಿಯಳು, ಇನ್ನೊಬ್ಬಳು ಕಿರಿಯಳು.

ಇಷ್ಟೊಂದು ಮಾರ್ಕಸ್‌ಗಳ ನಡುವೆ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸುತ್ತಿದ್ದುದು ಮೂರನೆಯದಾದ ಅಡ್ಡಹೆಸರು. ನಮ್ಮ ಹಳ್ಳಿಗಳಲ್ಲಿ ಕುಂಟ ನಿಂಗ, ಕರಿಯ ನಿಂಗ ಎಂದಂತೆ ಅವೂ ಮುಲಾಜಿಲ್ಲದ ಹೆಸರುಗಳೇ. ಕ್ರಾಸಸ್ ಎಂದರೆ ದಪ್ಪನೆಯವ. ಬ್ರೂಟಸ್ ಎಂದರೆ ಮಂದಬುದ್ಧಿಯವ. ಸಿಸೆರೊ ಎಂಬುದು ಕಡಲೆಕಾಳಿನಿಂದ ಬಂದದ್ದು. ರಾಜಕೀಯಕ್ಕೆ ಇಳಿಯುವಾಗ ಈ ನಗೆಪಾಟಲಿನ ಹೆಸರನ್ನು ಬಿಟ್ಟುಬಿಡು ಎಂದು ಗೆಳೆಯರು ಹೇಳಿದರೂ ಸಿಸೆರೊ ಒಪ್ಪಲಿಲ್ಲವಂತೆ. ದೊಡ್ಡ ದೊಡ್ಡ ಮನೆತನಗಳ ಹೆಸರಿಗಿಂತ ತನ್ನ ಕಡಲೆಕಾಳಿಗೇ ಹೆಚ್ಚಿನ ಕೀರ್ತಿ ತರುತ್ತೇನೆ ಎಂಬುದು ಅವನ ಉತ್ತರವಾಗಿತ್ತು ಎಂದು ಪ್ಲುಟಾರ್ಕ್ ಬರೆದಿದ್ದಾನೆ.

ಮೊದಲ ಬಹಿಷ್ಕಾರ

ಈ ಹೆಸರಿಗೆ ಮೊದಲ ಕಳಂಕ ತಗುಲಿದ್ದು ಮಾರ್ಕಸ್ ಮ್ಯಾನ್ಲಿಯಸ್ ಎಂಬ ವೀರನಿಂದ. ಕ್ರಿ.ಪೂ. 390ರ ಸುಮಾರಿಗೆ ಗಾಲ್ ಜನಾಂಗದವರು ರೋಮ್ ಮೇಲೆ ದಾಳಿ ಮಾಡಿದರು. ಒಂದು ರಾತ್ರಿ ಅವರು ಸದ್ದಿಲ್ಲದೆ ಕ್ಯಾಪಿಟೊಲಿನ್ ಬೆಟ್ಟ ಹತ್ತುತ್ತಿದ್ದಾಗ ಜೂನೋ ದೇವತೆಯ ಗುಡಿಯ ಹೆಬ್ಬಾತುಗಳು ಕೂಗಿಕೊಂಡವು. ಆ ಸದ್ದಿಗೆ ಎಚ್ಚೆತ್ತ ಮ್ಯಾನ್ಲಿಯಸ್ ಶತ್ರುಗಳನ್ನು ಕೆಳಕ್ಕೆ ತಳ್ಳಿ ಬೆಟ್ಟವನ್ನು ಉಳಿಸಿದ ಎಂಬುದು ಪ್ರಸಿದ್ಧ ಕಥೆ.

ಮುಂದೆ ಇದೇ ಮ್ಯಾನ್ಲಿಯಸ್ ಸಾಲದಲ್ಲಿ ಮುಳುಗಿದ ಬಡವರ ಪರ ನಿಂತ. ತನ್ನ ಕೈಯಿಂದಲೇ ಹಣ ಕೊಟ್ಟು ಸಾಲಗಾರರನ್ನು ಬಿಡಿಸಿದ. ಶ್ರೀಮಂತರಿಗೆ ಇದು ಸಹಿಸಲಿಲ್ಲ. ಜನರನ್ನು ಒಲಿಸಿಕೊಂಡು ರಾಜನಾಗಲು ಹೊರಟಿದ್ದಾನೆ ಎಂಬ ಆರೋಪ ಬಂತು. ರಾಜರನ್ನು ಓಡಿಸಿ ಗಣರಾಜ್ಯ ಕಟ್ಟಿಕೊಂಡಿದ್ದ ರೋಮ್‌ನಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿರಲಿಲ್ಲ. ಕ್ರಿ.ಪೂ. 384ರಲ್ಲಿ ಅವನನ್ನು ಟಾರ್ಪಿಯನ್ ಬಂಡೆಯಿಂದ ಕೆಳಕ್ಕೆ ನೂಕಿ ಕೊಲ್ಲಲಾಯಿತು. ಅವನೇ ಕಾಪಾಡಿದ ಬೆಟ್ಟದ ಬಂಡೆ ಅದು! ಅಷ್ಟಕ್ಕೇ ಮುಗಿಯಲಿಲ್ಲ. ತಮ್ಮ ಕುಲದಲ್ಲಿ ಇನ್ನು ಮುಂದೆ ಯಾರಿಗೂ ಮಾರ್ಕಸ್ ಎಂಬ ಹೆಸರಿಡಕೂಡದು ಎಂದು ಮ್ಯಾನ್ಲಿಯಸ್ ಕುಲದವರು ತೀರ್ಮಾನಿಸಿದರು. ತಾತನ ಹೆಸರನ್ನು ಮೊಮ್ಮಗನಿಗಿಟ್ಟು ಹೆಸರು ಉಳಿಸುವ ಪದ್ಧತಿಯನ್ನು ಬಲ್ಲ ನಮಗೆ ಈ ಶಿಕ್ಷೆಯ ತೀವ್ರತೆ ಅರ್ಥವಾಗುವಂಥದು.

ಮಾರ್ಕಸ್‌ಗಳ ಕಾಳಗ

ಗಣರಾಜ್ಯದ ಕೊನೆಯ ಅಂಕವನ್ನು ಮಾರ್ಕಸ್‌ಗಳ ನಡುವಿನ ಕಾಳಗ ಎಂದರೂ ತಪ್ಪಾಗದು. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್‌ನ ಗುಲಾಮರ ದಂಗೆಯನ್ನು ಹತ್ತಿಕ್ಕಿ, ಸೆರೆಸಿಕ್ಕ ಸುಮಾರು 6,000 ಮಂದಿಯನ್ನು ಆಪಿಯನ್ ಹೆದ್ದಾರಿಯುದ್ದಕ್ಕೂ ಶಿಲುಬೆಗೇರಿಸಿದವನು ಮಾರ್ಕಸ್ ಕ್ರಾಸಸ್. ಕ್ರಿ.ಪೂ. 44ರ ಮಾರ್ಚ್ 15ರಂದು ಜೂಲಿಯಸ್ ಸೀಸರ್‌ನನ್ನು ಇರಿದವರ ಮುಂದಾಳು ಮಾರ್ಕಸ್ ಬ್ರೂಟಸ್. ಸೀಸರ್‌ನ ಪರ ನಿಂತವನು ಮಾರ್ಕಸ್ ಆಂಟೋನಿಯಸ್, ಅಂದರೆ ಷೇಕ್ಸ್‌ಪಿಯರ್‌ನ ನಾಟಕದಿಂದ ನಮಗೆಲ್ಲ ಪರಿಚಿತನಾದ ಮಾರ್ಕ್ ಆಂಟನಿ. ಆಂಟನಿಯ ವಿರುದ್ಧ ಹದಿನಾಲ್ಕು ಬೆಂಕಿಯಂಥ ಭಾಷಣಗಳನ್ನು ರಚಿಸಿದವನು ಮಾರ್ಕಸ್ ಸಿಸೆರೊ.

ಆ ಭಾಷಣಗಳಿಗೆ ಸಿಸೆರೊ ತೆತ್ತ ಬೆಲೆ ಅವನ ಪ್ರಾಣ. ಆಂಟನಿ, ಆಕ್ಟೇವಿಯನ್ ಮತ್ತು ಲೆಪಿಡಸ್ ಎಂಬ ಮೂವರು ಅಧಿಕಾರ ಹಂಚಿಕೊಂಡು ಕೊಲ್ಲಬೇಕಾದವರ ಪಟ್ಟಿ ತಯಾರಿಸಿದರು. ಅಂದಹಾಗೆ ಲೆಪಿಡಸ್‌ನ ಹೆಸರೂ ಮಾರ್ಕಸ್ ಎಂದೇ. ಕ್ರಿ.ಪೂ. 43ರ ಡಿಸೆಂಬರ್ 7ರಂದು ಸಿಸೆರೊನನ್ನು ಹುಡುಕಿ ಕೊಂದು, ಅವನ ತಲೆಯನ್ನೂ ಆ ಭಾಷಣಗಳನ್ನು ಬರೆದ ಕೈಯನ್ನೂ ಕತ್ತರಿಸಿ, ಅವನು ನಿಂತು ಮಾತನಾಡುತ್ತಿದ್ದ ವೇದಿಕೆಯ ಮೇಲೆಯೇ ಪ್ರದರ್ಶನಕ್ಕಿಡಲಾಯಿತು. ಮರುವರ್ಷ ಫಿಲಿಪ್ಪಿ ಕಾಳಗದಲ್ಲಿ ಸೋತ ಬ್ರೂಟಸ್ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ.

ಆಂಟನಿಯ ಸರದಿಯೂ ಬಂತು. ಕ್ರಿ.ಪೂ. 31ರಲ್ಲಿ ಆಕ್ಟಿಯಂ ನೌಕಾಯುದ್ಧದಲ್ಲಿ ಅವನನ್ನೂ ಕ್ಲಿಯೋಪಾತ್ರಳನ್ನೂ ಸೋಲಿಸಿದ ಪಡೆಯ ನಾಯಕ ಮತ್ತೊಬ್ಬ ಮಾರ್ಕಸ್, ಆಕ್ಟೇವಿಯನ್‌ನ ಆಪ್ತ ಮಾರ್ಕಸ್ ಅಗ್ರಿಪ್ಪ. ಮರುವರ್ಷ ಅಲೆಕ್ಸಾಂಡ್ರಿಯಾದಲ್ಲಿ ಆಂಟನಿ ಆತ್ಮಹತ್ಯೆ ಮಾಡಿಕೊಂಡ. ರೋಮ್‌ನಲ್ಲಿ ಅವನ ಪ್ರತಿಮೆಗಳನ್ನು ಕೆಡವಲಾಯಿತು. ಅವನು ಹುಟ್ಟಿದ ದಿನವನ್ನು ಅಶುಭ ದಿನವೆಂದು ಸಾರಲಾಯಿತು. ಆಂಟೋನಿಯಸ್ ಕುಲದಲ್ಲಿ ಇನ್ನು ಯಾರೂ ಮಾರ್ಕಸ್ ಎಂಬ ಹೆಸರು ಇಟ್ಟುಕೊಳ್ಳಕೂಡದು ಎಂದು ಸೆನೆಟ್ ಆಜ್ಞೆ ಹೊರಡಿಸಿತು. ಆಗ ಕಾನ್ಸಲ್ ಪದವಿಯಲ್ಲಿದ್ದವನು ಯಾರು? ಕೊಲೆಯಾದ ಸಿಸೆರೊನ ಮಗ. ಅವನ ಹೆಸರೂ ಮಾರ್ಕಸ್!

ಗುಲಾಮನ ಪಾಲಿನ ಹೆಸರು

ಈ ಗದ್ದಲದಲ್ಲಿ ಮರೆಯಾದ ಇನ್ನೊಬ್ಬ ಮಾರ್ಕಸ್ ಇದ್ದಾನೆ. ಸಿಸೆರೊನ ಮನೆಯಲ್ಲಿ ಟಿರೊ ಎಂಬ ಗುಲಾಮ ಬರಹಗಾರನಾಗಿದ್ದ. ಯಜಮಾನನ ಮಾತನ್ನು ಅಷ್ಟೇ ವೇಗದಲ್ಲಿ ಬರೆದುಕೊಳ್ಳುವ ಶೀಘ್ರಲಿಪಿಯೊಂದು ಇಂದಿಗೂ ಅವನ ಹೆಸರಿನಲ್ಲೇ ಇದೆ. ಕ್ರಿ.ಪೂ. 53ರಲ್ಲಿ ಸಿಸೆರೊ ಅವನನ್ನು ಬಿಡುಗಡೆ ಮಾಡಿದ. ಬಿಡುಗಡೆಯಾದ ಗುಲಾಮ ಯಜಮಾನನ ಸ್ವಂತ ಹೆಸರನ್ನೂ ಕುಲದ ಹೆಸರನ್ನೂ ಧರಿಸುವುದು ರೋಮನ್ ಪದ್ಧತಿ. ಹೀಗೆ ಟಿರೊ, ಮಾರ್ಕಸ್ ಟುಲಿಯಸ್ ಟಿರೊ ಆದ. ಯಜಮಾನ ಸತ್ತ ಮೇಲೆ ಅವನ ಬರಹಗಳನ್ನು ಜೋಪಾನ ಮಾಡಿದವರಲ್ಲಿ ಇವನೇ ಮುಖ್ಯ. ಮಾರ್ಕಸ್ ಸಿಸೆರೊನ ಹೆಸರು ಉಳಿದದ್ದರಲ್ಲಿ ಈ ಮಾಜಿ ಗುಲಾಮನ ಪಾಲು ದೊಡ್ಡದು.

ಇನ್ನೊಬ್ಬರ ಔದಾರ್ಯದಿಂದ ಹೆಸರು ಉಳಿದ ಇನ್ನೊಂದು ಉದಾಹರಣೆ ಅಗ್ರಿಪ್ಪನದು. ರೋಮ್‌ನ ಪ್ಯಾಂಥಿಯನ್ ದೇವಾಲಯವನ್ನು ಮೊದಲು ಕಟ್ಟಿಸಿದವನು ಅವನು. ಅದು ಸುಟ್ಟುಹೋದ ಮೇಲೆ ಈಗಿರುವ ಭವ್ಯ ಕಟ್ಟಡ ಚಕ್ರವರ್ತಿ ಹೇಡ್ರಿಯನ್‌ನ ಕಾಲದಲ್ಲಿ ಎದ್ದಿತು. ಆದರೂ ಹೇಡ್ರಿಯನ್ ಮುಂಭಾಗದಲ್ಲಿ ಕೆತ್ತಿಸಿದ್ದು ತನ್ನ ಹೆಸರನ್ನಲ್ಲ, ಅಗ್ರಿಪ್ಪನ ಹೆಸರನ್ನು. ಆ ದೊಡ್ಡ ಅಕ್ಷರಗಳ ಸಾಲು ಇಂದಿಗೂ ಶುರುವಾಗುವುದು 'ಎಂ' ಅಕ್ಷರದಿಂದಲೇ.

ಸೆನೆಟ್ ಆಜ್ಞೆಯ ಗತಿ ಏನಾಯಿತು? ಆಂಟನಿಯ ರಕ್ತ ಹೆಣ್ಣುಮಕ್ಕಳ ಮೂಲಕ ಸಿಂಹಾಸನಕ್ಕೇ ಏರಿತು. ಚಕ್ರವರ್ತಿ ಕ್ಲಾಡಿಯಸ್ ಅವನ ಮೊಮ್ಮಗ. ಕಲಿಗುಲ ಮರಿಮಗ. ಆಜ್ಞೆ ಹೊರಟ ಸುಮಾರು 190 ವರ್ಷಗಳ ಮೇಲೆ, ಕ್ರಿ.ಶ. 161ರಲ್ಲಿ, ಪಟ್ಟಕ್ಕೆ ಬಂದ ಚಕ್ರವರ್ತಿಯ ಹೆಸರು ಮಾರ್ಕಸ್ ಔರೇಲಿಯಸ್ ಆಂಟೋನಿನಸ್. ಕುಲ ಬೇರೆ, ನಿಜ. ಆದರೆ ಒಂದಾಗಿ ಉಚ್ಚರಿಸಬಾರದೆಂದು ಸೆನೆಟ್ ವಿಧಿಸಿದ್ದ ಹೆಸರುಗಳ ಸದ್ದು ಈಗ ನಾಣ್ಯಗಳ ಮೇಲೇ ಜೊತೆಯಾಯಿತು.

ಮಾರ್ಕಸ್ ಔರೇಲಿಯಸ್ ಗಡಿಯ ಯುದ್ಧ ಮತ್ತು ಮಹಾಮಾರಿಯ ನಡುವೆ ರಾಜ್ಯವಾಳಿದವನು. ದಂಡಯಾತ್ರೆಯ ಬಿಡಾರಗಳಲ್ಲಿ ತನಗಾಗಿಯೇ ಗ್ರೀಕ್ ಭಾಷೆಯಲ್ಲಿ ಬರೆದುಕೊಂಡ ಚಿಂತನೆಗಳು ಇಂದಿಗೂ ಓದುಗರನ್ನು ಪಡೆದಿವೆ. ಕೀರ್ತಿ ಕ್ಷಣಿಕ, ಹೊಗಳುವವನೂ ಹೊಗಳಿಸಿಕೊಂಡವನೂ ಒಂದೇ ತೆರನಾಗಿ ಮರೆತುಹೋಗುತ್ತಾರೆ ಎಂಬುದು ಅಲ್ಲಿ ಮತ್ತೆ ಮತ್ತೆ ಬರುವ ವಿಚಾರ. ವಿಪರ್ಯಾಸವೆಂದರೆ ಅವನ ಕಂಚಿನ ಪ್ರತಿಮೆ ಉಳಿದದ್ದೇ ಹೆಸರು ಮರೆತದ್ದರಿಂದ. ಮಧ್ಯಯುಗದಲ್ಲಿ ಪುರಾತನ ಕಂಚಿನ ಪ್ರತಿಮೆಗಳನ್ನು ಕರಗಿಸುತ್ತಿದ್ದರು. ಈ ಸವಾರನನ್ನು ಮಾತ್ರ ಮೊದಲ ಕ್ರೈಸ್ತ ಚಕ್ರವರ್ತಿ ಕಾನ್‌ಸ್ಟಂಟೈನ್ ಎಂದು ತಪ್ಪಾಗಿ ತಿಳಿದು ಬಿಟ್ಟರು. 1538ರಲ್ಲಿ ಅದನ್ನು ಕ್ಯಾಪಿಟೊಲಿನ್ ಬೆಟ್ಟಕ್ಕೆ ತಂದು ನಿಲ್ಲಿಸಲಾಯಿತು. 1981ರಲ್ಲಿ ದುರಸ್ತಿಗೆಂದು ಕೆಳಗಿಳಿಸಿದ ಮೂಲ ಪ್ರತಿಮೆ ಈಗ ವಸ್ತುಸಂಗ್ರಹಾಲಯದ ಒಳಗಿದೆ. ಹೊರಗಿರುವುದು ಪ್ರತಿರೂಪ.

ಸುವಾರ್ತೆಯಿಂದ ವೆನಿಸ್‌ಗೆ

ಹೆಸರನ್ನು ರೋಮ್‌ನ ಆಚೆಗೆ ಒಯ್ದವನು ಚಕ್ರವರ್ತಿಯಲ್ಲ, ಒಬ್ಬ ಯಹೂದಿ. ಹೀಬ್ರೂ ಹೆಸರು ಯೋಹಾನ, ರೋಮನ್ ಹೆಸರು ಮಾರ್ಕ. ಕನ್ನಡ ಬೈಬಲ್‌ನಲ್ಲಿ 'ಮಾರ್ಕ' ಎಂದೇ ಕರೆಯಲಾಗುವ ಇವನ ಹೆಸರಿನ ಸುವಾರ್ತೆ ನಾಲ್ಕರಲ್ಲಿ ಅತ್ಯಂತ ಹಳೆಯದು ಎಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅಲೆಕ್ಸಾಂಡ್ರಿಯಾದಲ್ಲಿದ್ದ ಇವನ ಅಸ್ಥಿಗಳನ್ನು 828ರಲ್ಲಿ ವೆನಿಸ್‌ನ ವರ್ತಕರು ಹಂದಿ ಮಾಂಸದ ಕೆಳಗೆ ಬಚ್ಚಿಟ್ಟು ಸಾಗಿಸಿದರೆಂಬ ಕಥೆಯಿದೆ. ಅಲ್ಲಿಂದ ಮುಂದೆ ಸಂತ ಮಾರ್ಕ ವೆನಿಸ್‌ನ ರಕ್ಷಕ, ಅವನ ರೆಕ್ಕೆಯ ಸಿಂಹ ಆ ನಗರದ ಲಾಂಛನ. ಊರಿನ ಹುಡುಗರಿಗೆ ಮಾರ್ಕೊ ಎಂಬ ಹೆಸರು ಸಾಮಾನ್ಯವಾಯಿತು. ಚೀನಾದಿಂದ ಹಿಂತಿರುಗುವಾಗ ನಮ್ಮ ಕೋರಮಂಡಲ, ಮಲಬಾರ್ ಕರಾವಳಿಗಳ ಮುತ್ತು ಮೆಣಸುಗಳ ವಿವರ ಕೊಟ್ಟ ಮಾರ್ಕೊ ಪೋಲೊ ಅಂಥವರಲ್ಲೊಬ್ಬ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 1896ರಲ್ಲಿ ಭಾರತಕ್ಕೂ ಬಂದಿದ್ದ ಮಾರ್ಕ್ ಟ್ವೇನ್ ಈ ವಂಶಾವಳಿಗೆ ಸೇರಿದವನಲ್ಲ. ಅದು ಮಿಸಿಸಿಪಿ ನದಿಯ ದೋಣಿಕಾರರು ನೀರಿನ ಆಳ 12 ಅಡಿ ಎಂದು ಸೂಚಿಸಲು ಕೂಗುತ್ತಿದ್ದ ಮಾತು. ಅವನ ನಿಜವಾದ ಹೆಸರು ಸ್ಯಾಮ್ಯುಯೆಲ್ ಕ್ಲೆಮೆನ್ಸ್.

ಆಧುನಿಕ ಕಾಲದಲ್ಲಿ ಹೆಸರಿನ ಪೂರ್ಣ ಲ್ಯಾಟಿನ್ ರೂಪ ಹೊತ್ತವರಲ್ಲಿ ಮುಖ್ಯನಾದವನು ಮಾರ್ಕಸ್ ಗಾರ್ವಿ. 1887ರಲ್ಲಿ ಜಮೈಕಾದಲ್ಲಿ ಹುಟ್ಟಿದ ಇವನ ಪೂರ್ವಿಕರು ಆಫ್ರಿಕಾದಿಂದ ತಂದ ಗುಲಾಮರು. ಕಪ್ಪು ಜನರ ಸ್ವಾಭಿಮಾನಕ್ಕಾಗಿ 1914ರಲ್ಲಿ ಸಂಘ ಕಟ್ಟಿದ, 1919ರಲ್ಲಿ ಹಡಗು ಕಂಪನಿಯನ್ನೇ ಸ್ಥಾಪಿಸಿದ. 1923ರಲ್ಲಿ ಅಮೆರಿಕದ ನ್ಯಾಯಾಲಯ ಅಂಚೆ ವಂಚನೆಯ ಆರೋಪದಲ್ಲಿ ಅವನಿಗೆ ಶಿಕ್ಷೆ ವಿಧಿಸಿತು. 1927ರಲ್ಲಿ ಗಡೀಪಾರಾಯಿತು. 1940ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. 1964ರಲ್ಲಿ ಜಮೈಕಾ ಅವನ ಪಾರ್ಥಿವ ಅವಶೇಷಗಳನ್ನು ತರಿಸಿಕೊಂಡು ರಾಷ್ಟ್ರವೀರ ಎಂದು ಗೌರವಿಸಿತು. ಅಮೆರಿಕದ ಅಧ್ಯಕ್ಷರ ಕ್ಷಮಾದಾನ ಬಂದದ್ದು 2025ರ ಜನವರಿಯಲ್ಲಿ, ಸತ್ತ 84 ವರ್ಷಗಳ ಮೇಲೆ.

ಬೆಂಗಳೂರಿನ ಮಾರ್ಕ್

ಬೆಂಗಳೂರಿಗೆ ಈ ಹೆಸರು ಎರಡು ದಾರಿಯಲ್ಲಿ ಬಂತು. ಒಂದು, 1812ರಲ್ಲಿ ಕಟ್ಟಿ ಮುಗಿದ ಸೇಂಟ್ ಮಾರ್ಕ್ಸ್ ಚರ್ಚು ಮತ್ತು ಅದರಿಂದ ಹೆಸರು ಪಡೆದ ರಸ್ತೆ. ಎರಡು, ಸರ್ ಮಾರ್ಕ್ ಕಬ್ಬನ್. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತ ಕಿತ್ತುಕೊಂಡ ನಂತರ, 1834ರಿಂದ 1861ರವರೆಗೆ ಕಬ್ಬನ್ ಇಲ್ಲಿನ ಕಮಿಷನರ್. ರಸ್ತೆ ಸೇತುವೆಗಳು ಹರಡಿದ್ದು, ತಾಲ್ಲೂಕು ಮಟ್ಟದ ಆಡಳಿತ ಕನ್ನಡದಲ್ಲಿ ನಡೆದದ್ದು ಅವನ ಕಾಲದಲ್ಲಿ. ಊರಿಗೆ ಮರಳುವ ಹಾದಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ಇಟಲಿ ಮೂಲದ ಶಿಲ್ಪಿ ಮಾರೊಚೆಟ್ಟಿ ರೂಪಿಸಿದ ಅವನ ಕುದುರೆ ಸವಾರಿಯ ಪ್ರತಿಮೆ ದೀರ್ಘಕಾಲ ಹೈಕೋರ್ಟಿನ ಎದುರಿತ್ತು. 2020ರಲ್ಲಿ ಅದನ್ನು ಉದ್ಯಾನದ ಒಳಕ್ಕೆ ಸ್ಥಳಾಂತರಿಸಲಾಯಿತು.

ಆ ಉದ್ಯಾನದ ಹೆಸರಿಗೂ ಒಂದು ಕಥೆಯಿದೆ. 1870ರಲ್ಲಿ ಆರಂಭವಾದಾಗ ಅದು ಮೀಡ್ಸ್ ಪಾರ್ಕ್. ಆಮೇಲೆ ಕಬ್ಬನ್ ಪಾರ್ಕ್. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಸಂದರ್ಭದಲ್ಲಿ ಅವರ ತಂದೆಯ ನೆನಪಿಗಾಗಿ ಅದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಅಧಿಕೃತವಾಗಿ ಹೆಸರಿಡಲಾಯಿತು. ಗೌರವಕ್ಕೆ ಎಲ್ಲ ರೀತಿಯಿಂದಲೂ ಅರ್ಹವಾದ ಹೆಸರದು. ಆದರೂ ಮೆಜೆಸ್ಟಿಕ್ಕಿನಲ್ಲಿ ಇಳಿದವರು ಆಟೋದವನಿಗೆ ಹೇಳುವುದು ಇಂದಿಗೂ ಕಬ್ಬನ್ ಪಾರ್ಕ್ ಎಂದೇ. ಹೆಸರುಗಳ ವಿಷಯದಲ್ಲಿ ಸೆನೆಟ್ ಹೇಳಿದ್ದೇ ಕೊನೆಯ ಮಾತು ಎಂದು ರೋಮ್‌ನಲ್ಲೂ ಆಗಲಿಲ್ಲ.